ಹಳೆಯ ಬಂಗಲೆಯಲ್ಲಿ ಮದುವೆ ನಡೆಸುವ ಮುನ್ನ

ಮೈಸೂರಿನಲ್ಲಿ ಅರಮನೆಯಂಥ ಕಟ್ಟಡದಲ್ಲಿ ಸಮಾರಂಭ ಎಂದೊಡನೆ ನೆನಪಾಗುವುದು, ವೈಸ್‌ರಾಯರ ವಾಸ್ತವ್ಯಕ್ಕೆಂದು ನಾಲ್ವಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ, 1921ರಲ್ಲಿ ಅಡಿಗಲ್ಲು ಬಿದ್ದ ಲಲಿತಮಹಲ್. ಅದು ಹೋಟೆಲಾಗಿ ಪಳಗಿದ ಕಟ್ಟಡ. ಮಂಡ್ಯ ಸೀಮೆಯ ತೋಟ, ಗದ್ದೆಗಳ ನಡುವೆ ಉಳಿದಿರುವ ಹಳೆಯ ಬಂಗಲೆಗಳಾದರೋ ಒಂದು ಕುಟುಂಬದ ವಾಸಕ್ಕೆ ಕಟ್ಟಿದವು. ಅಲ್ಲಿ ಸಾವಿರ ಜನರನ್ನು ಸೇರಿಸುವವರು ಮನೆಗೆ ಏನನ್ನು ಬಿಡಬೇಕು, ಅಂಗಳಕ್ಕೆ ಏನನ್ನು ಕೊಡಬೇಕು ಎಂಬುದನ್ನು ಮೊದಲು ತೀರ್ಮಾನಿಸಬೇಕು.

ವರಪೂಜೆ, ಹಿರಿಯರ ವಿಶ್ರಾಂತಿ, ಹಸೆಗೆ ಮುಂಚಿನ ಅಲಂಕಾರ ಇವಿಷ್ಟೇ ಒಳಗೆ ನಡೆಯಲಿ. ಧಾರೆ, ಹೋಮ, ಊಟ ಮೂರೂ ಚಪ್ಪರದಡಿಯಲ್ಲಿರಲಿ. ಮರದ ತೊಲೆಗಳ ಮೇಲೆ ಇಟ್ಟಿಗೆ ಮತ್ತು ಸುಣ್ಣದ ಗಾರೆ ಹಾಕಿದ ಮದ್ರಾಸ್ ತಾರಸಿಯ ಕೆಳಗೆ ಹೋಮ ಮಾಡಿದರೆ ಹೊಗೆ ತೊಲೆಗೆ ಹಿಡಿಯುತ್ತದೆ, ಕಿಡಿಯ ಭಯವೂ ತಪ್ಪದು. ಸುಣ್ಣದ ಗಾರೆಯ ಗೋಡೆಗೆ ಒಂದು ಮೊಳೆ ಹೊಡೆದರೂ ಸುತ್ತಲಿನ ಗಾರೆ ಸಡಿಲಗೊಂಡು ಹೆಕ್ಕಳಿಕೆಯಾಗಿ ಉದುರುತ್ತದೆ. ಅದನ್ನು ಸಿಮೆಂಟಿನಿಂದ ಮೆತ್ತಿದರೆ ಗೋಡೆಯ ತೇವ ಹೊರಬರಲಾರದೆ ಹಾನಿ ಇನ್ನೂ ಹೆಚ್ಚುತ್ತದೆ. ಆದ್ದರಿಂದ ತೋರಣ, ಹೂವಿನ ಮಾಲೆಗಳನ್ನು ಗೋಡೆಗೆ ತಾಗದಂತೆ ಪ್ರತ್ಯೇಕ ಗಳುಗಳಿಗೆ ಕಟ್ಟುವಂತೆ ಅಲಂಕಾರದವರಿಗೆ ಮುಂಗಡ ಕೊಡುವಾಗಲೇ ಹೇಳಿರಿ. ಅರಿಶಿನದ ಶಾಸ್ತ್ರ ಹಿತ್ತಲಿನಲ್ಲಿ ನಡೆಯಲಿ, ಏಕೆಂದರೆ ಹಳೆಯ ನೆಲ ಎಣ್ಣೆಯನ್ನೂ ಬಣ್ಣವನ್ನೂ ಹೀರಿಕೊಳ್ಳುತ್ತದೆ.

ಜಾಗ ನೋಡಲು ಹೋಗುವಾಗ ಅಡುಗೆ ಭಟ್ಟರನ್ನೂ ಶಾಮಿಯಾನದವರನ್ನೂ ಜೊತೆಗೆ ಕರೆದೊಯ್ಯುವುದು ಒಳ್ಳೆಯದು. ಒಲೆಯ ಕೊಟ್ಟಿಗೆಗೆ ಗಾಳಿ ಯಾವ ಕಡೆಯದು, ಪಂಕ್ತಿಯಿಂದ ಎಷ್ಟು ದೂರ, ಕೊಳವೆಬಾವಿಯಲ್ಲಿ ನೀರಿದೆಯೇ ಎಂಬುದನ್ನು ಅವರೇ ಬೇಗ ಗುರುತಿಸುತ್ತಾರೆ. ಹಳೆಯ ವಯರಿಂಗ್‌ನಿಂದ ಚಪ್ಪರಕ್ಕೆ ವಿದ್ಯುತ್ ಎಳೆಯದೆ ಬೇರೆ ಜನರೇಟರ್ ತರಿಸಿರಿ. ಕಾರುಗಳನ್ನು ಹಳೆಯ ಮಾವಿನ, ಹುಣಸೆಯ ಮರಗಳ ಬುಡದಲ್ಲಿ ನಿಲ್ಲಿಸಲು ಬಿಡಬೇಡಿ. ಬೇರಿನ ಮೇಲಿನ ಮಣ್ಣು ಗಟ್ಟಿಯಾದರೆ ಮರ ಸೊರಗುತ್ತದೆ. ನಾಲೆಯ ನೀರು ಬಿಟ್ಟಾಗ ಪಕ್ಕದ ಗದ್ದೆ ಕೆಸರಾಗುವುದರಿಂದ ಅದನ್ನು ವಾಹನಗಳಿಗೆ ನೆಚ್ಚಿಕೊಳ್ಳುವಂತಿಲ್ಲ.

ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಗುಡುಗು ಮಳೆ ಸಾಮಾನ್ಯ, ಅಕ್ಟೋಬರಿನಲ್ಲಿಯೂ ಮಳೆ ಜೋರು. ಆ ದಿನಗಳಲ್ಲಿ ಬಟ್ಟೆಯ ಶಾಮಿಯಾನವನ್ನು ನಂಬದೆ ತಗಡಿನ ಚಪ್ಪರ ಹಾಕಿಸುವುದೇ ಲೇಸು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ನಿರ್ಬಂಧವಿರುವುದರಿಂದ ಆರತಕ್ಷತೆಯ ಸಂಗೀತವನ್ನು ಸಂಜೆಯೇ ಆರಂಭಿಸಬೇಕು.

ಸಮಾರಂಭದ ಹಿಂದಿನ ದಿನ ಮನೆಯವರೊಂದಿಗೆ ಪ್ರತಿ ಕೋಣೆಯಲ್ಲೂ ನಿಂತು, ಈಗಾಗಲೇ ಇರುವ ಬಿರುಕು, ಕಲೆಗಳ ಚಿತ್ರ ತೆಗೆದಿಟ್ಟುಕೊಳ್ಳಿ. ಮುಂಗಡ ಹಣ ಹಿಂದಿರುಗಿಸುವ ಹೊತ್ತಿಗೆ ಇಬ್ಬರಿಗೂ ಅದೇ ಆಧಾರ.