ಮೊದಲು ಕಾರ್ಖಾನೆಯ ಸ್ಥಿತಿ, ಆಮೇಲೆ ಮಾರ್ಪಾಡು: 1966ರ ಎಂಜಿಬಿಯೊಡನೆ ನನ್ನ ಅನುಭವ

ಹಳೆಯ ಸ್ಪೋರ್ಟ್ಸ್ ಕಾರು ಕೊಂಡವರಲ್ಲಿ ಹೆಚ್ಚಿನವರು ಮೊದಲು ಕೈ ಹಾಕುವುದು ಎಂಜಿನ್‌ಗೆ. ದೊಡ್ಡ ಕಾರ್ಬ್ಯುರೇಟರ್, ಅಗಲ ಕೊಳವೆಯ ಎಕ್ಸಾಸ್ಟ್, ವಾಲ್ವ್‌ಗಳನ್ನು ತೆರೆಯುವ ಚುರುಕಾದ ಕ್ಯಾಮ್‌ಶಾಫ್ಟ್ ಇವುಗಳ ಪಟ್ಟಿ ಕಾರು ಮನೆಗೆ ಬರುವ ಮೊದಲೇ ಸಿದ್ಧವಾಗಿರುತ್ತದೆ. ನನ್ನ 1966ರ ಎಂಜಿಬಿ ರೋಡ್‌ಸ್ಟರ್ (ಬ್ರಿಟಿಷ್ ಕಂಪನಿ ಎಂಜಿಯ ತೆರೆದ ಸ್ಪೋರ್ಟ್ಸ್ ಕಾರು) ವಿಷಯದಲ್ಲಿ ನಾನು ಬೇರೆ ಕ್ರಮವನ್ನು ಹಿಡಿದೆ. ಕಾರು ಕಾರ್ಖಾನೆಯಿಂದ ಹೊರಬಂದಾಗ ಹೇಗಿದ್ದಿತೋ ಆ ಸ್ಥಿತಿಗೆ ಮೊದಲು ತಂದು, ಹಾಗೆಯೇ ಸಾಕಷ್ಟು ಕಾಲ ಓಡಿಸಿ, ಅದರ ನಿಜವಾದ ಕೊರತೆಗಳು ಯಾವುವೆಂದು ತಿಳಿದ ಮೇಲಷ್ಟೇ ಮಾರ್ಪಾಡಿಗೆ ಇಳಿಯುವುದೆಂದು ನಿಶ್ಚಯಿಸಿದೆ. ಮಾಡಿದ ಮಾರ್ಪಾಡನ್ನು ಬೇಕೆಂದಾಗ ಬಿಚ್ಚಿ ಮೊದಲಿನಂತೆ ಮಾಡಲು ಸಾಧ್ಯವಿರಬೇಕೆಂಬುದು ನಾನೇ ಹಾಕಿಕೊಂಡ ಇನ್ನೊಂದು ಕಟ್ಟುಪಾಡು.

ಎಂಜಿಬಿ 1962ರಿಂದ 1980ರವರೆಗೆ ಇಂಗ್ಲೆಂಡಿನ ಆ್ಯಬಿಂಗ್ಡನ್ ಕಾರ್ಖಾನೆಯಲ್ಲಿ ತಯಾರಾಯಿತು. ಐದು ಲಕ್ಷಕ್ಕೂ ಹೆಚ್ಚು ಕಾರುಗಳು ಹೊರಬಂದವು. ಎಂಜಿನ್ 1798 ಸಿಸಿಯ ನಾಲ್ಕು ಸಿಲಿಂಡರಿನದು, ಬ್ಲಾಕ್ ಮತ್ತು ಹೆಡ್ ಎರಡೂ ಎರಕದ ಕಬ್ಬಿಣ, ಎಸ್‌ಯು ಎಂಬ ಹೆಸರಿನ ಎರಡು ಕಾರ್ಬ್ಯುರೇಟರ್‌ಗಳು, ಹೇಳಿಕೊಳ್ಳುತ್ತಿದ್ದ ಶಕ್ತಿ ಸುಮಾರು 95 ಅಶ್ವಶಕ್ತಿ. 1964ರ ಕೊನೆಯ ತನಕ ಪಿಸ್ಟನ್‌ಗಳ ಏರಿಳಿತವನ್ನು ಸುತ್ತಾಗಿಸುವ ಕ್ರ್ಯಾಂಕ್‌ಶಾಫ್ಟ್‌ಗೆ ಮೂರೇ ಮುಖ್ಯ ಬೇರಿಂಗ್‌ಗಳಿದ್ದವು, ಅನಂತರ ಐದಾದವು. ನನ್ನದು ಐದು ಬೇರಿಂಗಿನದು. ಇಷ್ಟೊಂದು ಸಂಖ್ಯೆಯಲ್ಲಿ ತಯಾರಾದ ಕಾರಾದ್ದರಿಂದ ಬಿಡಿಭಾಗಗಳಿಗೆ ಕೊರತೆಯಿಲ್ಲ. ಬ್ರಿಟಿಷ್ ಮೋಟರ್ ಹೆರಿಟೇಜ್ ಸಂಸ್ಥೆ ಹಳೆಯ ಅಚ್ಚುಗಳನ್ನೇ ಬಳಸಿ 1988ರಿಂದ ಇಡೀ ಬಾಡಿಯನ್ನೇ ಹೊಸದಾಗಿ ತಯಾರಿಸಿ ಕೊಡತೊಡಗಿತು. ಮೊದಲ ಬಾರಿಗೆ ಹಳೆಯ ಕಾರಿನ ಕೆಲಸಕ್ಕೆ ಇಳಿಯುವವರಿಗೆ ನಾನು ಈ ಕಾರನ್ನು ಸೂಚಿಸಲು ಇದೇ ಮುಖ್ಯ ಕಾರಣ.

ಕೆಲಸ ಶುರುವಾದದ್ದು ತುಕ್ಕಿನಿಂದ. ಎಂಜಿಬಿಗೆ ಪ್ರತ್ಯೇಕ ಚಾಸಿ (ಕೆಳಗಿನ ಚೌಕಟ್ಟು) ಇಲ್ಲ, ಬಾಡಿಯೇ ಭಾರವನ್ನು ಹೊರುತ್ತದೆ. ಮೇಲ್ಛಾವಣಿ ಇಲ್ಲದ ರೋಡ್‌ಸ್ಟರ್‌ನಲ್ಲಿ ಈ ಹೊರೆ ಬಹುಮಟ್ಟಿಗೆ ಬಾಗಿಲುಗಳ ಕೆಳಗೆ ಉದ್ದಕ್ಕೂ ಹಾಯುವ ಸಿಲ್‌ಗಳ ಮೇಲೆ ಬೀಳುತ್ತದೆ. ಸಿಲ್ ಸತ್ವ ಕಳೆದುಕೊಂಡರೆ ಮುಚ್ಚಳವಿಲ್ಲದ ರಟ್ಟಿನ ಪೆಟ್ಟಿಗೆಯಂತೆ ಇಡೀ ಕಾರು ತಿರುಚಿಕೊಳ್ಳುತ್ತದೆ. ಇದನ್ನು ಪರೀಕ್ಷಿಸುವುದು ಸುಲಭ. ಕಾರಿನ ಒಂದು ಪಕ್ಕವನ್ನು ಜ್ಯಾಕಿನಿಂದ ಎತ್ತಿ ಆ ಬದಿಯ ಬಾಗಿಲನ್ನು ತೆರೆದು ಮುಚ್ಚಬೇಕು. ಬಾಗಿಲಿನ ಹಿಂಬದಿಯ ಸಂದಿ ಕಿರಿದಾದರೆ ಅಥವಾ ಬಾಗಿಲು ಸಿಕ್ಕಿಕೊಂಡರೆ ಹೊರಗಿನ ಬಣ್ಣ ಎಷ್ಟೇ ಹೊಳೆಯುತ್ತಿದ್ದರೂ ಒಳಗೆ ಲೋಹ ಉಳಿದಿಲ್ಲವೆಂದೇ ತಿಳಿಯಬೇಕು. ನನ್ನ ಕಾರಿನಲ್ಲಿ ಬಾಗಿಲು ಸಿಕ್ಕಿಕೊಂಡಿತು. ಹೊರಗಿನ ತಗಡನ್ನು ಕತ್ತರಿಸಿದಾಗ ಹಿಂದಿನ ಮಾಲೀಕರ ಕಾಲದಲ್ಲಿ ಯಾರೋ ಕೊಳೆತ ಸಿಲ್‌ನ ಮೇಲೆಯೇ ಹೊಸ ತಗಡನ್ನು ಹೊದಿಸಿ ಬೆಸೆದಿದ್ದುದು ಕಾಣಿಸಿತು.

ಸಿಲ್ ಎನ್ನುವುದು ಒಂದು ತಗಡಲ್ಲ. ಹೊರಗಿನದು, ಒಳಗಿನದು, ಇವೆರಡರ ನಡುವೆ ನೆಟ್ಟಗೆ ನಿಲ್ಲುವ ಇನ್ನೊಂದು, ಹೀಗೆ ಮೂರು ಪದರಗಳು ಸೇರಿ ಪೆಟ್ಟಿಗೆಯ ಆಕಾರವಾಗುತ್ತದೆ. ಮೂರನ್ನೂ ಒಟ್ಟಿಗೆ ಕತ್ತರಿಸಿ ತೆಗೆದರೆ ಕಾರು ನಡುವಿನಲ್ಲಿ ಕುಸಿಯುತ್ತದೆ. ಆದ್ದರಿಂದ ಕತ್ತರಿಸುವ ಮೊದಲೇ ಬಾಗಿಲಿನ ತೆರಪಿಗೆ ಅಡ್ಡವಾಗಿ, ಬಾಗಿಲು ಕೀಲುಗಳ ಕಂಬದಿಂದ ಹಿಂದಿನ ಚಿಲಕದ ಕಂಬದವರೆಗೆ, ಚೌಕ ಕಬ್ಬಿಣದ ಕೊಳವೆಯನ್ನು ಬೋಲ್ಟ್ ಹಾಕಿ ಬಿಗಿದೆ. ಕಾರನ್ನು ನಡುವೆ ಎತ್ತದೆ ಎರಡೂ ಆ್ಯಕ್ಸಲ್‌ಗಳ ಕಡೆ ಸಮಮಟ್ಟದಲ್ಲಿ ನಿಲ್ಲಿಸಿದೆ. ಬಾಗಿಲಿನ ಸುತ್ತಲಿನ ಸಂದಿಗಳನ್ನು ಅಳೆದು ಕಂಬಗಳ ಮೇಲೆಯೇ ಗುರುತು ಹಾಕಿದೆ. ಒಂದು ಪಕ್ಕ ಪೂರ್ತಿ ಮುಗಿಯುವ ತನಕ ಇನ್ನೊಂದನ್ನು ಮುಟ್ಟಲಿಲ್ಲ. ಚಕ್ರಗಳ ಮೇಲಿನ ತಗಡುಗಳಾದ ವಿಂಗ್‌ಗಳಲ್ಲಿ ಮುಂದಿನವು ಬೋಲ್ಟ್‌ಗಳಿಂದ ಕೂರುವಂಥವು, ಅವನ್ನು ಬಿಚ್ಚಿ ಸಿಲ್‌ನ ಮುಂತುದಿಯನ್ನು ಕಾಣುವಂತೆ ಮಾಡಿಕೊಳ್ಳಬಹುದು. ಹಿಂದಿನವು ಬೆಸೆದವು, ಅಲ್ಲಿ ತಾಳ್ಮೆ ಬೇಕು.

ಹೊಸ ಪದರಗಳನ್ನು ಕ್ಲ್ಯಾಂಪ್ ಹಾಕಿ ಹಿಡಿದ ಮೇಲೆ ಅಡ್ಡ ಕೊಳವೆಯನ್ನು ಬಿಚ್ಚಿ ಬಾಗಿಲನ್ನು ಮತ್ತೆ ಮತ್ತೆ ಕೂರಿಸಿ ನೋಡಿದೆ. ಸಂದಿ ಮೇಲೆ ಅಗಲವಾಗಿ ಕೆಳಗೆ ಕಿರಿದಾಗಿದ್ದರೆ ಕಾರು ಎಲ್ಲೋ ಬಾಗಿದೆಯೆಂದೇ ಅರ್ಥ. ಅದನ್ನು ವೆಲ್ಡಿಂಗ್‌ಗೆ ಮುಂಚೆ ಸರಿಪಡಿಸಬಹುದು, ಆಮೇಲೆ ಸಾಧ್ಯವೇ ಇಲ್ಲ. ಕಾರ್ಖಾನೆಯ ಸ್ಪಾಟ್ ವೆಲ್ಡ್‌ಗೆ ಬದಲಾಗಿ ಅಂಚುಗಳಲ್ಲಿ ರಂಧ್ರ ಕೊರೆದು ಅವುಗಳ ಮೂಲಕ ಬೆಸೆದೆ. ಒಂದೇ ಕಡೆ ಸಾಲಾಗಿ ಬೆಸೆಯುತ್ತ ಹೋದರೆ ಶಾಖಕ್ಕೆ ತಗಡು ಎಳೆದುಕೊಳ್ಳುತ್ತದೆ. ಈ ತುದಿಯಲ್ಲೊಂದು, ಆ ತುದಿಯಲ್ಲೊಂದು, ನಡುವೆ ಒಂದು ಎಂದು ಜಿಗಿಯುತ್ತ ಹೋಗಬೇಕು. ಕೊನೆಗೆ ಪೆಟ್ಟಿಗೆಯೊಳಕ್ಕೆ ಮೇಣವನ್ನು ಸಿಂಪಡಿಸಿ, ನೀರು ಇಳಿದುಹೋಗುವ ಕಂಡಿಗಳು ಮುಚ್ಚಿಹೋಗಿಲ್ಲವೆಂದು ತಂತಿ ತೂರಿಸಿ ನೋಡಿದೆ. ಬಣ್ಣ ಮತ್ತು ಸೀಟುಗಳ ಬಗ್ಗೆ ಇಲ್ಲಿ ಹೇಳುವಂಥದ್ದೇನಿಲ್ಲ, ಅವು ಹಣ ಮತ್ತು ಅಭಿರುಚಿಯ ಮಾತು.

ಬಾಡಿ ಗಟ್ಟಿಯಾದ ಮೇಲೆ ಎಂಜಿನ್ನಿನ ಸರದಿ ಬಂತು. ಹಳೆಯ ಕಾರಿಗೆ ‘ದಮ್ಮಿಲ್ಲ’ ಎಂದು ಜನ ಹೇಳುವುದನ್ನು ಕೇಳಿದಾಗಲೆಲ್ಲ ನನಗೆ ಅನ್ನಿಸುವುದು, ಅದರಲ್ಲಿ ಬಹುಪಾಲು ಟ್ಯೂನಿಂಗ್ ತಪ್ಪಿದ್ದರ ದೂರು ಎಂದು. ಟ್ಯೂನಿಂಗ್‌ಗೆ ಒಂದು ಕ್ರಮವಿದೆ: ಮೊದಲು ವಾಲ್ವ್, ಆಮೇಲೆ ಇಗ್ನಿಷನ್ (ಕಿಡಿ ಹೊತ್ತಿಸುವ ವ್ಯವಸ್ಥೆ), ಕೊನೆಯಲ್ಲಿ ಕಾರ್ಬ್ಯುರೇಟರ್. ಈ ಕ್ರಮ ತಪ್ಪಿಸಿದರೆ ಒಂದರ ದೋಷವನ್ನು ಇನ್ನೊಂದರಿಂದ ಮುಚ್ಚಿದಂತಾಗುತ್ತದೆ.

ವಾಲ್ವ್ ಮತ್ತು ಅದನ್ನು ಒತ್ತುವ ತೋಳಿನ ನಡುವಿನ ಸಂದು 0.38 ಮಿಲಿಮೀಟರ್. ಯಾವ ವಾಲ್ವನ್ನು ಯಾವಾಗ ಹೊಂದಿಸಬೇಕೆಂಬುದಕ್ಕೆ ಒಂಬತ್ತರ ಲೆಕ್ಕ ನೆನಪಿಟ್ಟರೆ ಸಾಕು. ಎಂಟು ವಾಲ್ವ್‌ಗಳಲ್ಲಿ ಎಂಟನೆಯದು ಪೂರ್ತಿ ತೆರೆದಿರುವಾಗ ಒಂದನೆಯದನ್ನು, ಆರನೆಯದು ತೆರೆದಿರುವಾಗ ಮೂರನೆಯದನ್ನು, ಹೀಗೆ ಎರಡೂ ಸಂಖ್ಯೆಗಳ ಮೊತ್ತ ಒಂಬತ್ತಾಗುವಂತೆ ಹೊಂದಿಸುತ್ತ ಹೋಗಬೇಕು. ಸಿಲಿಂಡರ್‌ಗಳಿಗೆ ಕಿಡಿಯನ್ನು ಹಂಚುವ ಡಿಸ್ಟ್ರಿಬ್ಯೂಟರ್‌ನಲ್ಲಿ, ವಿದ್ಯುತ್ತನ್ನು ಕಡಿದು ಜೋಡಿಸುವ ಪಾಯಿಂಟ್‌ಗಳ ಬದಲು ಮುಚ್ಚಳದೊಳಗೇ ಅಡಗಿ ಕೂರುವ ಎಲೆಕ್ಟ್ರಾನಿಕ್ ಘಟಕವನ್ನು ಹಾಕಿದೆ. ಹೊರಗಿನಿಂದ ಅದು ಕಾಣುವುದೇ ಇಲ್ಲ, ಮತ್ತು ದಾರಿಯಲ್ಲಿ ಕೆಟ್ಟರೆ ಹಾಕಿಕೊಳ್ಳಲು ಹಳೆಯ ಪಾಯಿಂಟ್‌ಗಳೂ ಕಂಡೆನ್ಸರೂ ಕಾರಿನಲ್ಲೇ ಇರುತ್ತವೆ.

ಎಸ್‌ಯು ಕಾರ್ಬ್ಯುರೇಟರ್ ಬಗ್ಗೆ ಇರುವ ಭಯಕ್ಕೆ ಆಧಾರವಿಲ್ಲ. ಎಂಜಿನ್ ಗಾಳಿಯನ್ನು ಎಳೆದಷ್ಟೂ ಒಳಗಿನ ಪಿಸ್ಟನ್ ಮೇಲೇಳುತ್ತದೆ. ಅದಕ್ಕೆ ಜೋಡಿಸಿದ, ತುದಿಯತ್ತ ಸಣ್ಣಗಾಗುವ ಸೂಜಿ, ಪೆಟ್ರೋಲ್ ಹೊರಬರುವ ರಂಧ್ರವಾದ ಜೆಟ್‌ನಿಂದ ಮೇಲಕ್ಕೆ ಬಂದಷ್ಟೂ ಪೆಟ್ರೋಲಿಗೆ ಹೆಚ್ಚು ಜಾಗ ಸಿಗುತ್ತದೆ. ಹಳೆಯ ಕಾರ್ಬ್ಯುರೇಟರ್‌ಗಳಲ್ಲಿ ಸಾಮಾನ್ಯವಾಗಿ ಸವೆದಿರುವುದು ಥ್ರಾಟಲ್ ಸ್ಪಿಂಡಲ್, ಅಂದರೆ ಗಾಳಿಯ ದಾರಿಯನ್ನು ತೆರೆದು ಮುಚ್ಚುವ ಬಿಲ್ಲೆಯ ಕಡ್ಡಿ. ಅದರ ಅಕ್ಕಪಕ್ಕದಿಂದ ಗಾಳಿ ನುಸುಳಿದರೆ ಏನು ಮಾಡಿದರೂ ಐಡಲಿಂಗ್ (ಆಕ್ಸಿಲರೇಟರ್ ಒತ್ತದಿರುವಾಗಿನ ಓಟ) ಸ್ಥಿರವಾಗುವುದಿಲ್ಲ, ಆದ್ದರಿಂದ ಮೊದಲು ಹೊಸ ಸ್ಪಿಂಡಲ್ ಮತ್ತು ಬುಷ್ ಹಾಕಿಸಿದೆ. ಕಾರ್ಬ್ಯುರೇಟರ್ ಪಿಸ್ಟನ್ನಿನ ಏರಿಳಿತವನ್ನು ತಡೆಯುವ ಡ್ಯಾಂಪರ್‌ಗೆ ಎಣ್ಣೆ ತುಂಬಿ, ಎರಡೂ ಕಾರ್ಬ್ಯುರೇಟರ್‌ಗಳನ್ನು ಜೋಡಿಸುವ ಕ್ಲ್ಯಾಂಪ್‌ಗಳನ್ನು ಸಡಿಲಿಸಿ, ಬಿಸಿಯಾದ ಎಂಜಿನ್ ಓಡುತ್ತಿರುವಾಗ ಸಣ್ಣ ರಬ್ಬರ್ ಕೊಳವೆಯ ಒಂದು ತುದಿಯನ್ನು ಕಿವಿಗೂ ಇನ್ನೊಂದನ್ನು ಕಾರ್ಬ್ಯುರೇಟರ್ ಬಾಯಿಗೂ ಹಿಡಿದೆ. ಎರಡರಲ್ಲೂ ಗಾಳಿಯ ಸಿಳ್ಳು ಒಂದೇ ಸಮನಾಗುವ ತನಕ ಐಡಲ್ ತಿರುಪುಗಳನ್ನು ಕೂದಲೆಳೆಯಷ್ಟು ತಿರುಗಿಸುವುದು ಕೆಲಸ. ಆಮೇಲೆ ಮಿಶ್ರಣ. ಪಕ್ಕದ ಪಿನ್ನಿನಿಂದ ಪಿಸ್ಟನ್ನನ್ನು ಒಂದು ಮಿಲಿಮೀಟರಿಗಿಂತ ಕಡಿಮೆ ಎತ್ತಬೇಕು. ಎಂಜಿನ್ ವೇಗ ಕ್ಷಣಕಾಲ ಏರಿ ಮತ್ತೆ ಮೊದಲಿನಂತಾದರೆ ಮಿಶ್ರಣ ಸರಿಯಿದೆ. ಏರಿ ಹಾಗೇ ನಿಂತರೆ ಪೆಟ್ರೋಲ್ ಹೆಚ್ಚಾಗಿದೆ, ಕುಸಿದು ನಿಲ್ಲುವಂತಾದರೆ ಕಡಿಮೆಯಾಗಿದೆ. ಜೆಟ್‌ನ ಕೆಳಗಿನ ನಟ್ಟನ್ನು ತಿರುಗಿಸಿ ಜೆಟ್ಟನ್ನು ಕೆಳಕ್ಕಿಳಿಸಿದರೆ ಪೆಟ್ರೋಲ್ ಹೆಚ್ಚುತ್ತದೆ, ಮೇಲಕ್ಕೇರಿಸಿದರೆ ತಗ್ಗುತ್ತದೆ. ಈ ಕೆಲಸವಾದ ಮೇಲೆ ಕಾರು ಓಡಿದ ರೀತಿ ನೋಡಿ, ಅಶ್ವಶಕ್ತಿ ಹೆಚ್ಚಿಸುವ ಯೋಚನೆಯನ್ನು ನಾನು ಬಹುಕಾಲ ಪಕ್ಕಕ್ಕಿಟ್ಟೆ.

ಮೂಲ ಸ್ಥಿತಿಯಲ್ಲಿ ಓಡಿಸಿದಾಗ ನನಗೆ ಕಂಡ ಕೊರತೆಗಳು ನಾನು ಎಣಿಸಿದ್ದಕ್ಕಿಂತ ಬೇರೆಯಾಗಿದ್ದವು. ನಾಲ್ಕನೇ ಗೇರ್‌ನಲ್ಲಿ 100 ಕಿಲೋಮೀಟರ್ ವೇಗಕ್ಕೆ ಎಂಜಿನ್ ನಿಮಿಷಕ್ಕೆ ಸುಮಾರು 3500 ಸುತ್ತು ಹಾಕುತ್ತಿತ್ತು. ಬಟ್ಟೆಯ ಮೇಲ್ಹೊದಿಕೆಯನ್ನು ಮಡಚಿದ ಕಾರಿನಲ್ಲಿ ಆ ಗದ್ದಲವನ್ನು ಒಂದು ಗಂಟೆ ಸಹಿಸುವುದು ಕಷ್ಟ. ಇದಕ್ಕೆ ಮದ್ದು ಆ ಕಾಲದಲ್ಲೇ ಐಚ್ಛಿಕವಾಗಿ ದೊರೆಯುತ್ತಿದ್ದ ಲೇಕಾಕ್ ಓವರ್‌ಡ್ರೈವ್, ಅಂದರೆ ಅದೇ ವೇಗಕ್ಕೆ ಎಂಜಿನ್ನಿನ ಸುತ್ತುಗಳನ್ನು ತಗ್ಗಿಸುವ ಹೆಚ್ಚುವರಿ ಗೇರ್ ಘಟಕ. ಅದನ್ನು ಹಳೆಯ ಗೇರ್‌ಬಾಕ್ಸಿಗೆ ಸುಮ್ಮನೆ ಅಂಟಿಸಲು ಬರುವುದಿಲ್ಲ, ಒಳಗಿನ ಮುಖ್ಯ ಶಾಫ್ಟೇ ಬೇರೆ. ಹಾಗಾಗಿ ಓವರ್‌ಡ್ರೈವ್ ಇರುವ ಪೂರ್ತಿ ಗೇರ್‌ಬಾಕ್ಸನ್ನೇ ಹುಡುಕಿ ತಂದೆ. ಈ ಕಾರಿನಲ್ಲಿ ಗೇರ್‌ಬಾಕ್ಸ್ ಒಂದನ್ನೇ ಕೆಳಗಿನಿಂದ ಇಳಿಸಲಾಗದು. ಎಂಜಿನ್ ಸಮೇತ ಎರಡನ್ನೂ ಮೇಲಕ್ಕೆ ಎತ್ತಬೇಕು. ಹೇಗೂ ಎತ್ತಿದ್ದರಿಂದ ಕ್ಲಚ್, ಬಿಡುಗಡೆ ಬೇರಿಂಗ್, ಹಿಂದಿನ ಆಯಿಲ್ ಸೀಲ್ ಎಲ್ಲವನ್ನೂ ಆಗಲೇ ಬದಲಿಸಿದೆ. ಗೇರ್‌ಬಾಕ್ಸಿಗೂ ಓವರ್‌ಡ್ರೈವ್‌ಗೂ ಎಣ್ಣೆ ಒಂದೇ, ಅದೂ ಎಂಜಿನ್ ಆಯಿಲ್. ದಪ್ಪ ಗೇರ್ ಆಯಿಲ್ ಹಾಕಬಾರದು. ಈಗ ಸ್ವಿಚ್ ಒತ್ತಿದರೆ ಅದೇ ವೇಗಕ್ಕೆ ಸುಮಾರು 2800 ಸುತ್ತು. ನಾನು ಮಾಡಿದ ಮಾರ್ಪಾಡುಗಳಲ್ಲಿ ಕಾರಿನ ಸ್ವಭಾವವನ್ನೇ ಬದಲಿಸಿದ್ದು ಇದೊಂದೇ.

ಎರಡನೆಯ ಕೊರತೆ ಬೆಳಕಿನದು. 1967ರವರೆಗಿನ ಎಂಜಿಬಿಗಳಲ್ಲಿ ಬ್ಯಾಟರಿಯ ಧನ ತುದಿ ಬಾಡಿಗೆ ಸೇರಿರುತ್ತಿತ್ತು, ವಿದ್ಯುತ್ತು ಬರುತ್ತಿದ್ದುದು ಡೈನಮೋದಿಂದ, ಸೀಟುಗಳ ಹಿಂದೆ 6 ವೋಲ್ಟಿನ ಎರಡು ಬ್ಯಾಟರಿಗಳು. ನಿಧಾನವಾಗಿ ಹೋಗುವಾಗ ಡೈನಮೋ ಚಾರ್ಜ್ ಮಾಡುವುದೇ ಇಲ್ಲವೆನ್ನಬಹುದು. ನಾನು ಋಣ ತುದಿಯನ್ನು ಬಾಡಿಗೆ ಸೇರಿಸಿ, ನಿಧಾನ ಓಟದಲ್ಲೂ ಚಾರ್ಜ್ ಮಾಡುವ ಆಲ್ಟರ್ನೇಟರ್ ಕೂರಿಸಿದೆ. ಆಗ ಇಗ್ನಿಷನ್ ಕಾಯಿಲ್‌ನ ತಂತಿಗಳನ್ನು ಅದಲುಬದಲು ಮಾಡಬೇಕು. ಸುತ್ತು ಎಣಿಸುವ ಮೀಟರಿನ ಒಳಗಿನ ಜೋಡಣೆಯನ್ನೂ ಬದಲಿಸಬೇಕು, ಇಲ್ಲವಾದರೆ ಅದು ಕೆಲಸ ಮಾಡುವುದಿಲ್ಲ. ಹೆಡ್‌ಲೈಟಿನ ಪೂರ್ತಿ ವಿದ್ಯುತ್ತು ಡ್ಯಾಶ್‌ಬೋರ್ಡಿನ ಹಳೆಯ ಸ್ವಿಚ್ಚಿನ ಮೂಲಕವೇ ಹಾಯುವ ವ್ಯವಸ್ಥೆ ಮೂಲದಲ್ಲಿ ಇದ್ದದ್ದು. ಸ್ವಿಚ್ಚಿನ ಬದಲು ತಾವೇ ಆ ವಿದ್ಯುತ್ತನ್ನು ಹಾಯಿಸುವ ಎರಡು ರಿಲೇಗಳನ್ನು ಫ್ಯೂಸ್ ಸಮೇತ ಹಾಕಿದ ಮೇಲೆ ಸ್ವಿಚ್ ಬಿಸಿಯಾಗುವುದು ನಿಂತಿತು, ಬೆಳಕೂ ಸ್ಪಷ್ಟವಾಗಿ ಹೆಚ್ಚಿತು.

ಸಸ್ಪೆನ್ಷನ್ ವಿಷಯದಲ್ಲಿ ಹವ್ಯಾಸಿಗಳೊಡನೆ ನನ್ನ ವಾದ ಇಂದಿಗೂ ಮುಗಿದಿಲ್ಲ. ತೋಳಿನಂಥ ಲಿವರ್ ಇರುವ ಹಳೆಯ ಡ್ಯಾಂಪರ್‌ಗಳನ್ನು (ಕುಲುಕಾಟ ತಡೆಯುವ ಭಾಗಗಳನ್ನು) ಕಿತ್ತು ಆಧುನಿಕ ಶಾಕ್ ಅಬ್ಸಾರ್ಬರ್ ಹಾಕಬೇಕೆಂಬುದು ಹಲವರ ಅಭಿಪ್ರಾಯ. ಮುಂಭಾಗದಲ್ಲಿ ಆ ಡ್ಯಾಂಪರಿನ ತೋಳೇ ಮೇಲಿನ ವಿಶ್‌ಬೋನ್ (ಚಕ್ರವನ್ನು ಬಾಡಿಗೆ ಹಿಡಿದಿಡುವ ಕವಲು ತೋಳು) ಆಗಿಯೂ ಕೆಲಸ ಮಾಡುತ್ತದೆ. ಸರಿಯಾಗಿ ರಿಪೇರಿಯಾಗಿ ಎಣ್ಣೆ ತುಂಬಿದ ಲಿವರ್ ಡ್ಯಾಂಪರ್ ರಸ್ತೆಯ ಮೇಲೆ ಸಾಕಷ್ಟು ಚೆನ್ನಾಗಿಯೇ ನಡೆಯುತ್ತದೆ, ಬೇಸರವಾಗುವುದು ಸೋರಿ ಖಾಲಿಯಾದ ಡ್ಯಾಂಪರಿನಿಂದ ಮಾತ್ರ. ನಾನು ಮಾಡಿದ್ದು ಎರಡೇ: ನನ್ನ ಕಾರಿನಲ್ಲಿ ಇಲ್ಲದಿದ್ದ, ತಿರುವಿನಲ್ಲಿ ವಾಲುವುದನ್ನು ತಗ್ಗಿಸುವ ಆ್ಯಂಟಿ-ರೋಲ್ ಬಾರನ್ನು ಮುಂದೆ ಜೋಡಿಸಿದೆ, ಮತ್ತು ಕೆಳಗಿನ ವಿಶ್‌ಬೋನ್‌ಗಳಿಗೆ ಎಂಜಿಬಿ ಜಿಟಿ ವಿ8 ಮಾದರಿಗೆಂದು ಮಾಡಿದ ರಬ್ಬರ್ ಬುಷ್‌ಗಳನ್ನು ಹಾಕಿದೆ. ಪಾಲಿಯುರೆಥೇನ್ ಬುಷ್ ಹೆಚ್ಚು ಬಾಳುತ್ತದೆ ನಿಜ, ಆದರೆ ರಸ್ತೆಯ ಪ್ರತಿ ಕಲ್ಲಿನ ವರದಿಯೂ ಸೀಟಿಗೆ ಮುಟ್ಟುತ್ತದೆ. ಸ್ನೇಹಿತರೊಬ್ಬರ ಬಳಿ 1975ರ, ಕಪ್ಪು ರಬ್ಬರ್ ಬಂಪರಿನ ಕಾರಿದೆ. ಅಮೆರಿಕದ ನಿಯಮಗಳಿಗಾಗಿ ಆ ಕಾರುಗಳನ್ನು ಸುಮಾರು ಒಂದೂವರೆ ಇಂಚು ಎತ್ತರಿಸಲಾಗಿತ್ತು, ಆರಂಭದಲ್ಲಿ ಆ್ಯಂಟಿ-ರೋಲ್ ಬಾರನ್ನೂ ಕೈಬಿಡಲಾಗಿತ್ತು. ಅವರು ಹಳೆಯ ಎತ್ತರಕ್ಕೆ ಇಳಿಸಿ ಬಾರ್ ಹಾಕಿದ ಮೇಲೆ ತಿರುವುಗಳಲ್ಲಿ ಅದು ವಾಲುವುದು ಎಷ್ಟು ಕಡಿಮೆಯಾಯಿತೆಂಬುದು ಪಕ್ಕದ ಸೀಟಿನಲ್ಲಿ ಕುಳಿತ ನನಗೂ ತಿಳಿಯಿತು.

ಕೊನೆಗೊಮ್ಮೆ ಎಂಜಿನ್ ಹೆಡ್ಡನ್ನು ತೆಗೆದದ್ದು ಸೀಸರಹಿತ ಪೆಟ್ರೋಲಿನ ಕಾರಣಕ್ಕೆ. ಪೆಟ್ರೋಲಿನಲ್ಲಿ ಸೀಸವಿಲ್ಲದಿದ್ದರೆ ವಾಲ್ವ್‌ಗಳು ಕೂರುವ ಅಂಚು ಸವೆಯುವುದರಿಂದ ಎಕ್ಸಾಸ್ಟ್ ವಾಲ್ವ್‌ಗಳಿಗೆ ಗಟ್ಟಿ ಲೋಹದ ಸೀಟುಗಳನ್ನು ಕೂರಿಸಬೇಕಿತ್ತು. ಹಿಂದಕ್ಕೆ ತೆಗೆಯಲಾಗದ ನನ್ನ ಮಾರ್ಪಾಡು ಈ ಹೆಡ್ಡಿನ ಕೆಲಸವೊಂದೇ. ಅದೇ ಸಮಯದಲ್ಲಿ ಪೋರ್ಟ್‌ಗಳ (ಹೆಡ್ಡಿನೊಳಗಿನ ಗಾಳಿ, ಹೊಗೆಯ ದಾರಿಗಳ) ಒಳಮೈಯನ್ನು ನಯಗೊಳಿಸಿ, ರೋಲಿಂಗ್ ರೋಡ್ (ಕಾರನ್ನು ನಿಂತಲ್ಲೇ ಓಡಿಸಿ ಪರೀಕ್ಷಿಸುವ ಯಂತ್ರ) ಮೇಲೆ ಕಾರ್ಬ್ಯುರೇಟರ್ ಸೂಜಿಗಳನ್ನು ಬದಲಿಸಿ ಹೊಂದಿಸಿದ್ದಾಯಿತು. ಈ ಹೆಡ್‌ನಲ್ಲಿ ಎರಡೆರಡು ಸಿಲಿಂಡರ್‌ಗಳು ಒಂದೊಂದು ಇನ್‌ಲೆಟ್ ಪೋರ್ಟನ್ನು ಹಂಚಿಕೊಳ್ಳುತ್ತವೆ, ನಡುವಿನ ಎರಡು ಸಿಲಿಂಡರ್‌ಗಳಿಗೆ ಎಕ್ಸಾಸ್ಟ್ ಪೋರ್ಟೂ ಒಂದೇ. ಹೀಗಿರುವಾಗ ಕ್ಯಾಮ್‌ಶಾಫ್ಟ್ ಎಷ್ಟೇ ಚುರುಕಾದರೂ ಗಾಳಿಯ ದಾರಿಗೆ ಒಂದು ಮಿತಿ ಇದ್ದೇ ಇದೆ. ಮೂಲ ಎಂಜಿನ್ ತನ್ನ ಗರಿಷ್ಠ ಟಾರ್ಕನ್ನು 3000 ಸುತ್ತಿನ ಆಸುಪಾಸಿನಲ್ಲೇ ಕೊಡುತ್ತದೆ, ದಿನನಿತ್ಯದ ಓಡಾಟಕ್ಕೆ ಬೇಕಾದದ್ದೂ ಅಲ್ಲೇ. ಆದ್ದರಿಂದ ಕ್ಯಾಮ್ ಮೂಲದ್ದೇ ಉಳಿಯಿತು. ಕ್ಯಾಮ್‌ಗೆ ಉಜ್ಜುತ್ತ ಚಲಿಸುವ ಈ ಬಗೆಯ ಚಪ್ಪಟೆ ಟ್ಯಾಪೆಟ್‌ಗಳಿಗೆ ಸತು ಮತ್ತು ರಂಜಕದ ಅಂಶ ಸಾಕಷ್ಟಿರುವ 20ಡಬ್ಲ್ಯೂ-50 ಎಣ್ಣೆಯೇ ಬೇಕು. ಎಥನಾಲ್ ಬೆರೆತ ಪೆಟ್ರೋಲ್ ಹಳೆಯ ರಬ್ಬರನ್ನು ಕೆಡಿಸುವುದರಿಂದ ಇಂಧನದ ಕೊಳವೆಗಳನ್ನೆಲ್ಲ ಅದಕ್ಕೆ ಒಗ್ಗುವಂಥವಕ್ಕೆ ಬದಲಿಸಿದ್ದೇನೆ.

ಈಗ ಬಾಕಿ ಉಳಿದಿರುವುದು ತಂತಿಚಕ್ರಗಳು. ಚಕ್ರದ ಮತ್ತು ಅದು ಕೂರುವ ಹಬ್‌ನ ಹಲ್ಲುಗಳು ಒಂದರೊಳಗೊಂದು ಕೂತು ಎಳೆಯುವ ವ್ಯವಸ್ಥೆ ಅದು. ಗ್ರೀಸ್ ಒಣಗಿದರೆ ಹಲ್ಲು ಸವೆಯುತ್ತದೆ. ಚಕ್ರವನ್ನು ಮೇಲೆತ್ತಿ, ಬ್ರೇಕ್ ಒತ್ತಿ ಹಿಡಿಸಿ, ಟೈರನ್ನು ಹಿಂದಕ್ಕೂ ಮುಂದಕ್ಕೂ ಅಲುಗಿಸಿದಾಗ ‘ಟಕ್’ ಎಂದು ಸದ್ದಾದರೆ ಸವೆತ ಮಿತಿ ಮೀರಿದೆ. ನನ್ನ ಹಿಂದಿನ ಬಲಚಕ್ರದಲ್ಲಿ ಆ ಸದ್ದು ಶುರುವಾಗಿದೆ. ಸವೆದ ಹಬ್‌ನ ಮೇಲೆ ಹೊಸ ಚಕ್ರ ಹಾಕಿದರೆ ಹೊಸದೂ ಬೇಗನೆ ಹಾಳಾಗುವುದರಿಂದ ಹಬ್ ಮತ್ತು ಚಕ್ರ ಎರಡನ್ನೂ ಒಟ್ಟಿಗೇ ಬದಲಿಸುವವನಿದ್ದೇನೆ.