ಎಣ್ಣೆ ಕುಡಿಯದ ಸೀಗಡಿ ಫ್ರೈ: ಸಾಗರ ಪೇಟೆಯಲ್ಲಿ ನಾನು ಮಾಡಿ ನೋಡಿದ್ದು

ಸಿಪ್ಪೆ ಬಿಡಿಸಿದ ಹಸಿ ಸೀಗಡಿ 100 ಗ್ರಾಂ ತೆಗೆದುಕೊಂಡರೆ ಅದರಲ್ಲಿ 20 ಗ್ರಾಂ ಆಸುಪಾಸು ಪ್ರೋಟೀನ್ ಇರುತ್ತದೆ, ಕೊಬ್ಬು ಇದೆಯೋ ಇಲ್ಲವೋ ಅನ್ನುವಷ್ಟು. ಕ್ಯಾಲೊರಿ ನೂರರ ಒಳಗೆ. ಅದಕ್ಕೇ ಹಿಟ್ಟು ಮೆತ್ತಿ ಕರಿದರೆ, ಅಮೆರಿಕದ ಕೃಷಿ ಇಲಾಖೆಯ ಪೋಷಕಾಂಶ ಪಟ್ಟಿಯ ಪ್ರಕಾರ, 100 ಗ್ರಾಂಗೆ ಕೊಬ್ಬು 12 ಗ್ರಾಂ, ಕ್ಯಾಲೊರಿ 240. ಪ್ರೋಟೀನ್ ಎಲ್ಲೂ ಹೋಗಿಲ್ಲ, ಇದ್ದಲ್ಲೇ ಇದೆ. ಮೇಲೆ ಬಂದು ಕೂತದ್ದು ಎಣ್ಣೆ ಮತ್ತು ಹಿಟ್ಟು. ಗರಿಗರಿ ಕೆಡದಂತೆ ಈ ಎಣ್ಣೆಯನ್ನು ಅರ್ಧಕ್ಕೆ ಇಳಿಸಬಹುದು ಅಂತ ನಾನು ಹೇಳಿದಾಗ ನಮ್ಮ ಸಾಗರದ ಕಡೆಯ ಮೀನೂಟದ ಹೋಟೆಲ್‌ನವರು ಯಾರೂ ಒಪ್ಪಲಿಲ್ಲ. "ಎಣ್ಣೆ ಕುಡೀದೆ ಇರೋ ಫ್ರೈ ಎಂಥದ್ದು ಮಾರಾಯ್ರೆ? ಹಂಗಾರೆ ಬೇಯಿಸೇ ಕೊಡಿ" ಅಂದವರು ಈಗ ತಮ್ಮ ಅಡುಗೆಯವರನ್ನು ನನ್ನ ಒಲೆ ನೋಡಲು ಕಳಿಸುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಎಣ್ಣೆ ಎಷ್ಟು ಹೋಗುತ್ತದೆ ಅಂತ ಕಣ್ಣಂದಾಜಿನಲ್ಲಿ ಹೇಳುವವರೇ ಎಲ್ಲ. ನಾನು ಬಾಣಲೆಯನ್ನೇ ತೂಕಕ್ಕಿಟ್ಟೆ. ಕರಿಯುವ ಮೊದಲೊಮ್ಮೆ, ಎಣ್ಣೆ ಆರಿದ ಮೇಲೊಮ್ಮೆ. ಹಳೆಯ ಪದ್ಧತಿಯಲ್ಲಿ ಕಿಲೋ ಸೀಗಡಿಗೆ ನೂರು, ನೂರಾಹತ್ತು ಗ್ರಾಂ ಎಣ್ಣೆ ಮಾಯವಾಗುತ್ತಿತ್ತು. ಈಗ ಐವತ್ತರ ಹತ್ತಿರ ನಿಂತಿದೆ. ರವೆಯೂ ಕಡಿಮೆಯಾದ್ದರಿಂದ ನನ್ನ ಲೆಕ್ಕಕ್ಕೆ 100 ಗ್ರಾಂ ಫ್ರೈ 160 ಕ್ಯಾಲೊರಿಯ ಆಚೀಚೆ ಬರುತ್ತದೆ.

ಅಲ್ಲಿಗೆ ಮುಟ್ಟುವವರೆಗೆ ಹಾಳಾದ ಮಾಲು ಬಹಳ. ಮೊದಲು ಉರಿ ತಗ್ಗಿಸಿ ನಿಧಾನಕ್ಕೆ ಕರಿದು ನೋಡಿದೆ. 150 ಡಿಗ್ರಿ ಎಣ್ಣೆಯಲ್ಲಿ ಸೀಗಡಿ ಮೆತ್ತಗಾಗಿ, ಹಿಂಡಿದರೆ ಎಣ್ಣೆ ಸುರಿಯಿತು. ಕಾರ್ನ್‌ಫ್ಲೋರ್ ದಪ್ಪಗೆ ಮೆತ್ತಿದೆ. ನೋಡಲು ಚೆಂದ, ಕುಡಿದ ಎಣ್ಣೆಯ ತೂಕ ನೋಡಿದರೆ ಇನ್ನೂ ಕಡೆ. ಏರ್ ಫ್ರೈಯರ್ ತಂದೆ, ಏಳೆಂಟು ಸಾವಿರ ಕೊಟ್ಟು. ಒಂದು ಸಲಕ್ಕೆ ಒಂದು ತಟ್ಟೆ ಆಗುವ ಯಂತ್ರ, ಮೇಲಿಂದ ನಮ್ಮ ಮಳೆಗಾಲದ ಕರೆಂಟು! ಅದು ಈಗ ಮನೆಯಲ್ಲಿ ಹಪ್ಪಳ ಸುಡುತ್ತದೆ. ಪ್ಯಾಕೆಟ್ ಸೀಗಡಿಯಿಂದಂತೂ ಪೂರ್ತಿ ಸೋತೆ. ಫಾಸ್ಫೇಟ್ ಅನ್ನುವ ಲವಣ ಬೆರೆಸಿದ ನೀರಿನಲ್ಲಿ ನೆನೆಸಿದ ಮಾಲು ನೀರು ಹಿಡಿದುಕೊಂಡು ದಪ್ಪಗೆ ಕಾಣುತ್ತದೆ. ಬಾಣಲೆಗೆ ಬಿಟ್ಟರೆ ಸಿಡಿಯುತ್ತದೆ, ಮಸಾಲೆ ಕಳಚಿ ತಳ ಸೇರುತ್ತದೆ, ಕಿಲೋ ಇದ್ದದ್ದು ಮುಕ್ಕಾಲೂ ಉಳಿಯುವುದಿಲ್ಲ. ನೀರಿಗೆ ಕೊಟ್ಟ ದುಡ್ಡು, ಜೊತೆಗೆ ಬೇಡದ ಸೋಡಿಯಂ. ಈಗ ಹೊನ್ನಾವರದಿಂದ ಗೇರುಸೊಪ್ಪ ಘಾಟಿ ಹತ್ತಿ ಬರುವ ಐಸ್ ಮಾಲು ಬಿಟ್ಟು ಬೇರೆ ಮುಟ್ಟುವುದಿಲ್ಲ.

ಗುಟ್ಟು ಇದ್ದದ್ದು ಬಾಣಲೆಯ ಒಳಗಲ್ಲ, ಎತ್ತಿದ ಮೇಲಿನ ಅರ್ಧ ನಿಮಿಷದಲ್ಲಿ. ಎಣ್ಣೆಯಲ್ಲಿ ಇರುವಷ್ಟು ಹೊತ್ತು ಒಳಗಿನ ನೀರು ಆವಿಯಾಗಿ ಹೊರಗೆ ನುಗ್ಗುತ್ತಿರುತ್ತದೆ, ಎಣ್ಣೆಗೆ ಒಳಹೋಗಲು ದಾರಿ ಕಡಿಮೆ. ಎತ್ತಿ ಪಕ್ಕಕ್ಕಿಟ್ಟು ತಣಿಯತೊಡಗಿದಾಗ ಆವಿ ಕುಗ್ಗುತ್ತದೆ, ಆ ಖಾಲಿ ಜಾಗಕ್ಕೆ ಮೈಮೇಲಿನ ಎಣ್ಣೆ ಎಳೆದುಕೊಳ್ಳುತ್ತದೆ. ನಾವೆಲ್ಲ ಮಾಡುವುದೇನು? ಜಾರೆಯಲ್ಲಿ ಎತ್ತಿ ಸೀದಾ ಪಾತ್ರೆಗೆ ರಾಶಿ ಹಾಕುತ್ತೇವೆ. ಮೇಲಿನದರ ಎಣ್ಣೆ ಕೆಳಗಿನದು ಕುಡಿಯುತ್ತದೆ.

ನಾನು 180 ಡಿಗ್ರಿಯ ಎಣ್ಣೆಗೆ ಸ್ವಲ್ಪಸ್ವಲ್ಪವೇ ಬಿಡುತ್ತೇನೆ, ಮಧ್ಯಮ ಗಾತ್ರದ್ದಾದರೆ ಒಂದೂವರೆ ನಿಮಿಷದ ಆಸುಪಾಸು. ಎತ್ತಿ ಎರಡು ಸಲ ಜೋರಾಗಿ ಝಾಡಿಸಿ, ಪಕ್ಕದ ಒಲೆಯಲ್ಲಿ ಕಾದು ಓರೆಯಾಗಿಟ್ಟ ಒಣ ಕಬ್ಬಿಣದ ಕಾವಲಿಗೆ ಹರಡುತ್ತೇನೆ. ಬಿಸಿ ಇಳಿಯುವ ಮೊದಲೇ ಎಣ್ಣೆ ಕೆಳಕ್ಕೆ ಜಾರಿ ಅಂಚಿನಲ್ಲಿ ನಿಲ್ಲುತ್ತದೆ. ಆಮೇಲೆ ಕಾಗದ. ಕಾವಲಿ ಎಷ್ಟು ಕಾದಿರಬೇಕು ಅನ್ನುವುದು ಒಂದು ವಾರ ಕೈಯಾಡಿಸಿದರೆ ನಿಮಗೇ ಸಿಗುತ್ತದೆ. ಕಲಸುವಾಗ ನೀರು ಸೋಂಕಿಸುವುದಿಲ್ಲ. ಬಟ್ಟೆಯಲ್ಲಿ ಒರೆಸಿ ಒಣಗಿಸಿ, ಉಪ್ಪಾಗೆ ಅನ್ನುವ ಕಾಡುಹಣ್ಣಿನ ಹುಳಿಯ ಗಟ್ಟಿ ರಸ, ಖಾರ, ಮೇಲೆ ತೆಳ್ಳಗೆ ಅಕ್ಕಿ ಹಿಟ್ಟು ಮತ್ತು ಚಿರೋಟಿ ರವೆ. ಅಳತೆ ಮತ್ತು ಅದರಲ್ಲಿ ಬೆರೆಸುವ ಇನ್ನೊಂದು ಪುಡಿ ನನ್ನ ಅಂಗಡಿಯದು, ಅದನ್ನು ಇಲ್ಲಿ ಬರೆಯುವುದಿಲ್ಲ.

ಬಳಚು ಅನ್ನುವ ಚಿಪ್ಪುಮೀನಿಗೆ ಇದೇ ದಾರಿ ನೇರ ನಡೆಯಲಿಲ್ಲ. ಚಿಪ್ಪು ಬಿಡಿಸಲು ಚೆನ್ನಾಗಿ ಬೇಯಿಸಿ ಮತ್ತೆ ಕರಿದರೆ ಮಾಂಸ ರಬ್ಬರಿನಂತೆ ಆಗುತ್ತಿತ್ತು. ಈಗ ಹಬೆಯಲ್ಲಿ ಬಾಯಿ ಬಿಟ್ಟ ತಕ್ಷಣ ತೆಗೆಯುತ್ತೇನೆ. ಬಿಡದೇ ಉಳಿದವು ತಿಪ್ಪೆಗೆ. ತಳದಲ್ಲಿ ಇಳಿದ ನೀರನ್ನು ಮಾತ್ರ ಯಾರೂ ಚೆಲ್ಲಬೇಡಿ. ಬಳಚಿನಲ್ಲಿರುವ ಬಿ12 ವಿಟಮಿನ್ ನೀರಿನಲ್ಲಿ ಕರಗುವಂಥದ್ದು, ಒಂದು ಪಾಲು ಅಲ್ಲಿಗೆ ಇಳಿದಿರುತ್ತದೆ. ಮರಳು ತಂಗಲು ಬಿಟ್ಟು, ಸೋಸಿ ಸಾರಿಗೆ ಹಾಕುತ್ತೇನೆ. ದೊಡ್ಡವರಿಗೆ ದಿನಕ್ಕೆ ಬೇಕಾದ ಬಿ12 ಎರಡು ಚಿಲ್ಲರೆ ಮೈಕ್ರೋಗ್ರಾಂ. ಬಳಚಿನ ಒಂದು ಸಣ್ಣ ತಟ್ಟೆ ಅದನ್ನು ಸಲೀಸಾಗಿ ದಾಟುತ್ತದೆ. ಬಿ12 ಇಂಜೆಕ್ಷನ್ ಚುಚ್ಚಿಸಿಕೊಳ್ಳುತ್ತಿರುವ ಗಿರಾಕಿಗಳು ನನ್ನಲ್ಲಿ ಹಲವರಿದ್ದಾರೆ, ಅವರಿಗೆ ಇದನ್ನೇ ಬಡಿಸುತ್ತೇನೆ. ಸೀಗಡಿ, ಬಳಚಿನಲ್ಲಿರುವ ಖನಿಜಗಳಾದ ಸತು, ಸೆಲೆನಿಯಂ ಕರಿದರೆ ಸುಟ್ಟು ಹೋಗುವ ವಸ್ತುಗಳಲ್ಲ.

ಕೊಲೆಸ್ಟ್ರಾಲ್ ವಿಚಾರ ದಿನಾ ಒಬ್ಬರಾದರೂ ಕೇಳುತ್ತಾರೆ. ಸೀಗಡಿಯಲ್ಲಿ ಅದು ಇದೆ, 100 ಗ್ರಾಂ ಹಸಿಯದರಲ್ಲಿ 150 ಮಿಲಿಗ್ರಾಂ ಸುತ್ತಮುತ್ತ. ಕರಿದಾಗ ನೀರು ಹೋಗಿ ತೂಕ ಇಳಿಯುವುದರಿಂದ ಅಂಕಿ ಏರಿದಂತೆ ಕಾಣುತ್ತದೆಯೇ ಹೊರತು ಸೂರ್ಯಕಾಂತಿ ಎಣ್ಣೆಯಿಂದ ಹೊಸದಾಗಿ ಏನೂ ಸೇರುವುದಿಲ್ಲ. ಮತ್ತೆ ಮತ್ತೆ ಕಾಯಿಸಿ ಕಪ್ಪಾದ ಎಣ್ಣೆ ಮಾತ್ರ ನಿಜವಾದ ಕೇಡು. ಕಾಯಿಸಿದಷ್ಟೂ ಎಣ್ಣೆ ಕೆಟ್ಟು ಹುಟ್ಟುವ ವಸ್ತುಗಳು, ಅಂದರೆ ಟೋಟಲ್ ಪೋಲಾರ್ ಕಾಂಪೌಂಡ್, 25 ಶೇಕಡಾ ದಾಟಿದ ಎಣ್ಣೆ ಬಳಸಬಾರದು ಅಂತ 2018ರಿಂದ ಕಾನೂನೇ ಇದೆ. ಉದುರುವ ರವೆ ಕಡಿಮೆಯಾದ ಮೇಲೆ ನನ್ನ ಎಣ್ಣೆ ಬೇಗ ಕಪ್ಪಾಗುವುದೂ ನಿಂತಿತು. ದಿನಕ್ಕೆ ಏಳೆಂಟು ಕಿಲೋ ಮಾಲಿಗೆ ತಿಂಗಳಿಗೆ ಎರಡು ಸಾವಿರದ ಮೇಲೆ ಎಣ್ಣೆಯಲ್ಲೇ ಉಳಿಯುತ್ತಿದೆ.

ನಡುವೆ ಉಪ್ಪಾಗೆ ಬೀಜದಿಂದ ತೆಗೆದ ತುಪ್ಪದಲ್ಲಿ ಕರಿದದ್ದೂ ಉಂಟು. ನಮ್ಮ ಹಿರಿಯರು ದೋಸೆ ಎರೆಯುತ್ತಿದ್ದ ಅದೇ ತುಪ್ಪ. ಬಿಸಿಯಿದ್ದಾಗ ಅದ್ಭುತ ಗರಿ! ಆದರೆ ಆರಿದ ಕೂಡಲೇ ಗಟ್ಟಿಯಾಗಿ ತುಟಿಗೆ ಮೇಣದ ಹಾಗೆ ಅಂಟುತ್ತದೆ, ಸ್ಯಾಚುರೇಟೆಡ್ ಕೊಬ್ಬೂ ಜಾಸ್ತಿ, ಹೋಟೆಲಿಗೆ ಬೇಕಾದಷ್ಟು ಸಿಗುವುದೂ ಇಲ್ಲ. ಜೂನ್, ಜುಲೈ ಯಂತ್ರದೋಣಿಗಳ ಮೀನುಗಾರಿಕೆ (ಟ್ರಾಲಿಂಗ್) ನಿಷೇಧದ ಎರಡು ತಿಂಗಳು ಒಣ ಸೀಗಡಿ ಕಾವಲಿಯಲ್ಲಿ ಎಣ್ಣೆಯಿಲ್ಲದೆ ಹುರಿದು, ಕಾಯಿ, ಈರುಳ್ಳಿ ಹಾಕಿ ಚಟ್ನಿ ಮಾಡುತ್ತೇನೆ. ನೀರಿಲ್ಲದ ಮಾಲು, ಹಾಗಾಗಿ ತೂಕದ ಅರ್ಧಕ್ಕೂ ಹೆಚ್ಚು ಪ್ರೋಟೀನ್. ಉಪ್ಪು ಹಾಕಿ ಒಣಗಿಸಿದ್ದನ್ನು ಬಿಸಿನೀರಲ್ಲಿ ಒಂದು ಸಲ ಅಲ್ಲಾಡಿಸಿ ತೆಗೆಯಬೇಕು. ಗದ್ದೆ ಏಡಿ ಮಾತ್ರ ನಾನು ಇಡುವುದಿಲ್ಲ. ಮದ್ದು ಹೊಡೆದ ಗದ್ದೆ ಯಾವುದು ಅಂತ ಹಿಡಿದು ತರುವವರಿಗೇ ತಿಳಿದಿರುವುದಿಲ್ಲ.

ಹೊಸ ಗಿರಾಕಿ ಬಂದರೆ ಸೀಗಡಿ, ಏಡಿ ತಿಂದು ಮೈ ತುರಿಸಿದ್ದುಂಟಾ ಅಂತ ಕೇಳಿಯೇ ಬಡಿಸುತ್ತೇನೆ. ಅಲರ್ಜಿ ತರುವ ಪ್ರೋಟೀನು ಎಷ್ಟು ಕರಿದರೂ ಸಾಯುವುದಿಲ್ಲ. ಆಲೂಗಡ್ಡೆಗೆ ಬಾಣಲೆಯೇ ಬೇರೆ ಇಟ್ಟಿದ್ದೇನೆ.

ರವೆ ತೆಳುವಾದ್ದರಿಂದ ತಟ್ಟೆ ಸಣ್ಣದಾಗಿ ಕಾಣುತ್ತಿತ್ತು, ಶುರುವಿನಲ್ಲಿ ಗೊಣಗಿದವರು ಕೆಲವರು. ಎಣ್ಣೆಯಲ್ಲಿ ಉಳಿದ ದುಡ್ಡಿನಿಂದ ತಟ್ಟೆಗೆ ಎರಡು ಸೀಗಡಿ ಹೆಚ್ಚಿಗೆ ಹಾಕತೊಡಗಿದೆ, ಬೆಲೆ ಮುಟ್ಟಲಿಲ್ಲ. ಭಾನುವಾರ ಮಧ್ಯಾಹ್ನ ಎರಡರ ಒಳಗೆ ಖಾಲಿಯಾಗುತ್ತಿದೆ. ಈ ಮಳೆಗಾಲ ಕಳೆದ ಮೇಲೆ ನೀಲಿಕಲ್ಲು ಅನ್ನುವ ಇನ್ನೊಂದು ಚಿಪ್ಪುಮೀನಿಗೆ ಇದೇ ಕಾವಲಿ ಹಚ್ಚಬೇಕು ಅಂತಿದ್ದೇನೆ, ಅದರ ಮೈಯಲ್ಲಿ ನೀರು ಜಾಸ್ತಿ, ಒರೆಸುವ ಉಪಾಯ ಬೇರೆಯೇ ಹುಡುಕಬೇಕು.