50 ಸಿಸಿ ಪೆಟ್ರೋಲ್ ಮಾಡೆಲ್ ವಿಮಾನಕ್ಕೆ ಬ್ಯಾಟರಿ, ಸ್ವಿಚ್: ನಾನು ಜೋಡಿಸುವ ರೀತಿ

ಪೆಟ್ರೋಲ್ ಎಂಜಿನ್ ಕೂರಿಸಿದ ಆರ್‌ಸಿ (ರೇಡಿಯೋದಿಂದ ನಿಯಂತ್ರಿಸುವ) ವಿಮಾನದಲ್ಲಿ ಸಾಮಾನ್ಯವಾಗಿ ಎರಡು ಪ್ರತ್ಯೇಕ ಸರ್ಕ್ಯೂಟ್ ಇರುತ್ತವೆ. ಒಂದು ಟ್ರಾನ್ಸ್‌ಮಿಟರ್‌ನ ಸೂಚನೆ ಹಿಡಿಯುವ ರಿಸೀವರ್ ಮತ್ತು ಅದರಂತೆ ರೆಕ್ಕೆ-ಬಾಲದ ಪಟ್ಟಿಗಳನ್ನು ಆಡಿಸುವ ಪುಟ್ಟ ಮೋಟರ್‌ಗಳಾದ ಸರ್ವೋಗಳದು, ಇನ್ನೊಂದು ಸ್ಪಾರ್ಕ್ ಪ್ಲಗ್‌ಗೆ ಕಿಡಿ ಕೊಡುವ ಇಗ್ನಿಷನ್ ಮಾಡ್ಯೂಲ್‌ದು. ಸಾಮಾನು ಕೊಳ್ಳುವ ಮೊದಲು ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಇದು ಕೆಟ್ಟರೆ ಯಾವ ಕಡೆಗೆ ಕೆಡಬೇಕು? ರಿಸೀವರ್ ಸ್ವಿಚ್ ಕೆಟ್ಟರೂ ಆನ್ ಆಗಿಯೇ ಉಳಿಯಬೇಕು. ಇಗ್ನಿಷನ್ ಸ್ವಿಚ್ ಕೆಟ್ಟರೆ ಆಫ್ ಆಗಬೇಕು. ಒಂದೇ ಬಗೆಯ ಎರಡು ಸ್ವಿಚ್ ತಂದು ಎರಡೂ ಕಡೆ ಹಾಕುವವರು ಈ ವ್ಯತ್ಯಾಸ ಗಮನಿಸಿರುವುದಿಲ್ಲ.

ಇಲ್ಲಿ ನಾನು ಹೇಳುತ್ತಿರುವುದು ಡಿಎಲ್‌ಇ-55 ಅಥವಾ ಡಿಎ-50 ವರ್ಗದ ಎಂಜಿನ್‌ನ, 7-8 ಕೆಜಿ ತೂಗುವ ಏರೋಬ್ಯಾಟಿಕ್ ವಿಮಾನದ ಬಗ್ಗೆ. ರೆಕ್ಕೆಯ ಏಲೆರಾನ್‌ಗೆ ಎರಡು, ಬಾಲದ ಎಲಿವೇಟರ್‌ಗೆ ಎರಡು, ರಡ್ಡರ್‌ಗೆ ಒಂದು, ಇವೆಲ್ಲ 20 ಕೆಜಿ-ಸೆಂಮೀಗಿಂತ ಹೆಚ್ಚು ಬಲದ ಡಿಜಿಟಲ್ ಸರ್ವೋಗಳು. ಜೊತೆಗೆ ಥ್ರಾಟಲ್‌ಗೆ ಒಂದು ಚಿಕ್ಕದು. ಹತ್ತು ನಿಮಿಷದ ಹಾರಾಟಕ್ಕೆ ಇವೆಲ್ಲ ಸೇರಿ ಎಳೆಯುವುದು 300ರಿಂದ 350 ಎಂಎಎಚ್ (ಮಿಲಿಆಂಪ್-ಅವರ್), ಅಂದರೆ ಸರಾಸರಿ 2 ಆಂಪ್. ಈ ಅಂಕಿ ನೋಡಿ ಸಣ್ಣ ಪ್ಯಾಕ್ ಸಾಕು ಅನ್ನಿಸುತ್ತದೆ. ತೊಂದರೆ ಇರುವುದು ಸರಾಸರಿಯಲ್ಲಿ ಅಲ್ಲ. ಇಂಥ ಸರ್ವೋ ಒಂದೊಂದೂ ಪೂರ್ತಿ ಬಿಗಿದಾಗ 3-5 ಆಂಪ್ ಎಳೆಯುತ್ತದೆ. ಸ್ನ್ಯಾಪ್ ರೋಲ್ (ವಿಮಾನವನ್ನು ಥಟ್ಟನೆ ಸುತ್ತಿಸುವ ಕಸರತ್ತು) ಹಾಕಿದ ಕ್ಷಣದಲ್ಲಿ ಐದೂ ಒಟ್ಟಿಗೆ ಕೆಲಸಕ್ಕಿಳಿದರೆ ಅರೆಕ್ಷಣ 8 ಆಂಪ್ ದಾಟುವುದು ಮಾಮೂಲು.

ಆ 8 ಆಂಪ್ ಹೊತ್ತಿನಲ್ಲಿ ರಿಸೀವರ್ ಬಳಿ ಎಷ್ಟು ವೋಲ್ಟ್ ಉಳಿದಿದೆ ಅನ್ನುವುದೇ ಮುಖ್ಯ. ಹಳೆಯ ಪದ್ಧತಿಯಂತೆ ಎಎ ಗಾತ್ರದ ಐದು ನಿಕಲ್ ಮೆಟಲ್ ಹೈಡ್ರೈಡ್ ಸೆಲ್‌ಗಳ ಪ್ಯಾಕ್ ಹಾಕಿದಿರಿ ಅಂತಿಟ್ಟುಕೊಳ್ಳಿ. ಸೆಲ್‌ಗಳ ಒಳರೋಧ ಒಟ್ಟು ಸುಮಾರು 150 ಮಿಲಿಓಮ್. 22 ಗೇಜ್ ತಂತಿ ಮೀಟರಿಗೆ 53 ಮಿಲಿಓಮ್. 30 ಸೆಂಮೀ ಉದ್ದ ಅಂದರೂ ಹೋಗಿ ಬರುವ ದಾರಿ 60 ಸೆಂಮೀ, ಅಲ್ಲಿಗೆ 32. ಸಾಧಾರಣ ಸ್ಲೈಡ್ ಸ್ವಿಚ್‌ಗೆ 40, ಪಿನ್ನುಗಳ ನಾಲ್ಕು ಸಂಪರ್ಕಕ್ಕೆ ಇನ್ನೊಂದು 40 ಎಂದು ಹಿಡಿಯಿರಿ. ಎಲ್ಲ ಕೂಡಿ 260 ಮಿಲಿಓಮ್ ದಾಟಿತು. 8 ಆಂಪ್‌ಗೆ 2.1 ವೋಲ್ಟ್ ದಾರಿಯಲ್ಲೇ ಖರ್ಚು. 6.2 ವೋಲ್ಟ್ ಇದ್ದದ್ದು ರಿಸೀವರ್ ಮುಟ್ಟುವಾಗ 4.1. ಒಂದು ಸೆಲ್ ಸೋತಿದ್ದರೆ ಮೂರೂವರೆಯ ಆಸುಪಾಸಿಗೆ ಇಳಿದೀತು. ಹಲವು 2.4 ಗಿಗಾಹರ್ಟ್ಸ್ ರಿಸೀವರ್‌ಗಳು ಕೆಲಸ ನಿಲ್ಲಿಸಿ ಮತ್ತೆ ಶುರುವಾಗುವುದು ಅಲ್ಲೇ. ಕೆಳಗೆ ಬಿದ್ದ ವಿಮಾನದ ಬ್ಯಾಟರಿಗೆ ಆಮೇಲೆ ಮೀಟರ್ ಹಿಡಿದರೆ 6 ವೋಲ್ಟ್ ಚೆನ್ನಾಗಿಯೇ ತೋರಿಸುತ್ತದೆ, ತಪ್ಪೆಲ್ಲ ರೇಡಿಯೋ ತಲೆಗೆ ಬರುತ್ತದೆ.

ಅದಕ್ಕೇ ನಾನು ರಿಸೀವರ್ ಕಡೆಗೆ ಬಳಸುವುದು ಲಿಥಿಯಂ ಐರನ್ ಫಾಸ್ಫೇಟ್, ನಾವೆಲ್ಲ ಲೈಫ್ ಪ್ಯಾಕ್ ಅನ್ನುವುದು. 26650 ಗಾತ್ರದ ಎ123 ಸೆಲ್ ಎರಡನ್ನು ಸಾಲಾಗಿ ಜೋಡಿಸಿದ 2500 ಎಂಎಎಚ್ ಪ್ಯಾಕ್. ಸೆಲ್ ಒಂದರ ತೂಕ 76 ಗ್ರಾಂ, ಒಳರೋಧ 10 ಮಿಲಿಓಮ್ ಒಳಗೆ. ಸೆಲ್‌ಗೆ 3.3 ವೋಲ್ಟ್, ಎರಡಕ್ಕೆ 6.6. ರೆಗ್ಯುಲೇಟರ್ ಇಲ್ಲದೆ ನೇರವಾಗಿ ಕೊಡಬಹುದು, ಕೆಡುವ ವಸ್ತು ಒಂದು ಕಡಿಮೆಯಾಯಿತು. ಚಾರ್ಜರ್‌ನಿಂದ ತೆಗೆದ ಕೂಡಲೇ 7.2 ತೋರಿಸುತ್ತದೆ, ಸ್ವಲ್ಪ ಹೊತ್ತು ಸರ್ವೋ ಆಡಿಸಿದರೆ 6.7ರ ಸುತ್ತ ನಿಲ್ಲುತ್ತದೆ. 6 ವೋಲ್ಟ್‌ಗಷ್ಟೇ ಎಂದು ತಯಾರಕರು ಬರೆದಿರುವ ಸರ್ವೋ ಇದ್ದರೆ ಮಾತ್ರ ಆ ಸರ್ವೋದ ದಾರಿಯಲ್ಲಿ ವೋಲ್ಟೇಜ್ ಇಳಿಸುವ ಏರ್ಪಾಡು ಬೇಕು.

ಚಾರ್ಜರ್‌ನಲ್ಲಿ ಲೈಫ್ ಮೋಡ್ ಆರಿಸುವುದನ್ನು ಪ್ರತಿ ಸಲ ಕಣ್ಣಿಟ್ಟು ನೋಡಬೇಕು. ಲೈಫ್ ಸೆಲ್ 3.6ಕ್ಕೆ ತುಂಬಿತು, ಲಿಪೋ (ಲಿಥಿಯಂ ಪಾಲಿಮರ್) ಮೋಡ್‌ನಲ್ಲಿ ಬಿಟ್ಟರೆ ಚಾರ್ಜರ್ 4.2 ತನಕ ತುರುಕುತ್ತದೆ, ಪ್ಯಾಕ್ ಊದಿಕೊಂಡು ಹಾಳಾಗುತ್ತದೆ. ತಿರುವುಮುರುವಾದರೂ ಅಪಾಯವೇ. ಲಿಪೋ ಪ್ಯಾಕನ್ನು ಲೈಫ್ ಮೋಡ್‌ನಲ್ಲಿ ಹಾಕಿದರೆ 3.6ಕ್ಕೆ ನಿಲ್ಲುತ್ತದೆ. ಚಾರ್ಜರ್ 'ಫುಲ್' ಅನ್ನುತ್ತದೆ, ಪ್ಯಾಕ್ ಬಹುಪಾಲು ಖಾಲಿಯೇ ಇರುತ್ತದೆ.

ಲೈಫ್ ಪ್ಯಾಕ್‌ನ ದೊಡ್ಡ ಕಿರಿಕಿರಿ ಅಂದರೆ ಅದರ ವೋಲ್ಟೇಜ್ ಏನೂ ಬಾಯಿ ಬಿಡುವುದಿಲ್ಲ. ಮುಕ್ಕಾಲು ಇದ್ದಾಗಲೂ 6.6, ಕಾಲು ಉಳಿದಾಗಲೂ ಹೆಚ್ಚುಕಡಿಮೆ ಅಷ್ಟೇ, ಆಮೇಲೆ ಒಮ್ಮೆಲೇ ಕುಸಿತ. ಮೈದಾನದಲ್ಲಿ ವೋಲ್ಟ್‌ಮೀಟರ್ ಚುಚ್ಚಿ 'ಇನ್ನೊಂದು ಹಾರಾಟ ಆಗುತ್ತೆ' ಅನ್ನುವ ಲೆಕ್ಕ ಇಲ್ಲಿ ನಡೆಯದು. ಚಾರ್ಜರ್ ವಾಪಸ್ ತುಂಬಿದ ಎಂಎಎಚ್ ಎಷ್ಟು ಅನ್ನುವುದನ್ನು ಬರೆದಿಟ್ಟು, ಅದನ್ನು ಹಾರಾಟಗಳಿಗೆ ಭಾಗಿಸಿಯೇ ಅಂದಾಜು ಕಟ್ಟಬೇಕು. ನಾನು ಎರಡು ಪ್ಯಾಕ್ ಹಾಕುತ್ತೇನಾದರೂ ಲೆಕ್ಕ ಇಡುವುದು ಒಂದೇ ಪ್ಯಾಕಿನ ಮೇಲೆ: 2500ರ ಶೇ. 80 ಅಂದರೆ 2000 ಎಂಎಎಚ್, ಹಾರಾಟಕ್ಕೆ 350ರಂತೆ ಐದು ಹಾರಾಟ, ಅಲ್ಲಿಗೆ ನಿಲ್ಲಿಸು. ಬೆಳಿಗ್ಗೆಯೇ ಒಂದು ದಾರಿ ಸದ್ದಿಲ್ಲದೆ ಕಡಿದುಹೋಗಿದ್ದರೂ ಇನ್ನೊಂದು ಸಂಜೆತನಕ ಹೊರಬೇಕಲ್ಲ. ಮನೆಗೆ ಬಂದು ಚಾರ್ಜ್ ಮಾಡುವಾಗ ಎರಡೂ ಪ್ಯಾಕ್ ಹತ್ತಿರ ಹತ್ತಿರ ಒಂದೇ ಪ್ರಮಾಣ ತಗೊಳ್ಳಬೇಕು. ಒಂದಕ್ಕೆ 1300 ತುಂಬಿ ಇನ್ನೊಂದಕ್ಕೆ 100 ಮಾತ್ರ ಹೋದರೆ ಎರಡನೆಯದರ ಸ್ವಿಚ್ಚೋ ಕನೆಕ್ಟರೋ ಕೆಲಸ ಮಾಡುತ್ತಿಲ್ಲ ಎಂದರ್ಥ. ಇದರಷ್ಟು ಅಗ್ಗದ ಪರೀಕ್ಷೆ ಬೇರೊಂದಿಲ್ಲ.

ಎರಡು ಪ್ಯಾಕ್‌ಗಳ ಮಧ್ಯೆ ಡಯೋಡ್ ಹಾಕುವುದಿಲ್ಲ. ಒಂದೇ ಬಗೆ, ಒಂದೇ ಸಾಮರ್ಥ್ಯ, ಒಟ್ಟಿಗೆ ಕೊಂಡ ಜೋಡಿಯಾದರೆ ಸಾಕು. ಹಳೆಯದೊಂದು ಹೊಸದೊಂದು, ಅಥವಾ ಲೈಫ್ ಒಂದು ಲಿಪೋ ಒಂದು ಅಂತ ನೇರ ಪ್ಯಾರಲಲ್ ಜೋಡಿಸಬಾರದು.

ಹೈವೋಲ್ಟೇಜ್ ಸರ್ವೋ ಇದ್ದವರು 7.4 ವೋಲ್ಟ್‌ನ ಲಿಥಿಯಂ ಅಯಾನ್‌ಗೆ ಹೋಗುತ್ತಾರೆ. ಸರ್ವೋಗಳ ಬಲ ಹೆಚ್ಚುತ್ತದೆ, ನಿಜ. ಆದರೆ ತುಂಬಿದಾಗ 8.4 ಇರುತ್ತದೆ. ದೊಡ್ಡ ಐದು ಸರ್ವೋ ಹೈವೋಲ್ಟೇಜ್ ಹಾಕಿ, ಥ್ರಾಟಲ್‌ಗೆ ಮಾತ್ರ ಪೆಟ್ಟಿಗೆಯಲ್ಲಿ ಬಿದ್ದಿದ್ದ ಹಳೆಯ ಸರ್ವೋ ಕೂರಿಸಿ ಅದನ್ನು ಸುಟ್ಟುಕೊಂಡವರು ಬಹಳ. ಇನ್ನೊಂದು ಮಾತು: 18650 ಸೆಲ್ ಮೇಲೆ 9900 ಎಂಎಎಚ್ ಅಂತ ಅಚ್ಚಾಗಿದ್ದರೆ ಅಲ್ಲಿಂದ ಸುಮ್ಮನೆ ಮುಂದೆ ಹೋಗಿ. ಆ ಗಾತ್ರದಲ್ಲಿ ಒಳ್ಳೆಯ ಸೆಲ್ ಕೊಡುವುದೇ 3500ರ ಆಸುಪಾಸು.

ಈಗ ಸ್ವಿಚ್. ರಿಸೀವರ್ ಕಡೆ ನಾನು ಹಾಕುವುದು ಎಲೆಕ್ಟ್ರಾನಿಕ್ ಸ್ವಿಚ್. ಕರೆಂಟು ಹರಿಯುವುದು ಮಾಸ್‌ಫೆಟ್ ಎಂಬ ಟ್ರಾನ್ಸಿಸ್ಟರ್‌ನಲ್ಲಿ. ಹೊರಗೆ ಕಾಣುವ ಗುಂಡಿ ಅಥವಾ ಪಿನ್ ಬರೀ ಸೂಚನೆ ಕೊಡುತ್ತದೆ. ಆ ಗುಂಡಿಯ ತಂತಿ ಅಲುಗಾಟಕ್ಕೆ ಕಿತ್ತುಬಂದರೂ ಸ್ವಿಚ್ ಆನ್ ಆಗಿಯೇ ಇರುವಂಥದ್ದನ್ನು ಆರಿಸಬೇಕು. ಪೆಟ್ಟಿಗೆಯ ಮೇಲಿನ ಮಾತು ನಂಬದೆ ಮೇಜಿನ ಮೇಲೆ ಎಲ್ಲ ಜೋಡಿಸಿ, ಆನ್ ಮಾಡಿ, ಗುಂಡಿಯ ತಂತಿ ಎಳೆದು ನೋಡಿ. ಸರ್ವೋಗಳು ಸತ್ತರೆ ಆ ಸ್ವಿಚ್ ಬೇಡ. ಇದರ ದೋಷ ಒಂದೇ: ಆಫ್ ಇದ್ದಾಗಲೂ ಒಂದಿಷ್ಟು ಕರೆಂಟು ಹೀರುತ್ತಿರುತ್ತದೆ. ಮಳೆಗಾಲ ಪೂರ್ತಿ ವಿಮಾನ ಗೋಡೆಗೆ ತೂಗುಹಾಕಿದ್ದರೆ ಪ್ಯಾಕ್ ನೆಲಕಚ್ಚುತ್ತದೆ. ಹಾರಿಸದ ದಿನಗಳಲ್ಲಿ ಬ್ಯಾಟರಿ ಕನೆಕ್ಟರ್ ಬಿಚ್ಚಿಡುವುದು ಒಳ್ಳೆಯದು.

ಮೆಕ್ಯಾನಿಕಲ್ ಸ್ವಿಚ್ಚೇ ಹಾಕುವುದಾದರೆ ದಪ್ಪ ತಂತಿಯ, ಎರಡು ಸಾಲು ಸಂಪರ್ಕವಿರುವ ಹೆವಿಡ್ಯೂಟಿ ಮಾದರಿ, ಪ್ರತಿ ಬ್ಯಾಟರಿಗೆ ಪ್ರತ್ಯೇಕವಾಗಿ ಒಂದೊಂದು. ಎರಡು ಬ್ಯಾಟರಿ ತಂದು ಒಂದೇ ಸ್ವಿಚ್‌ಗೆ ಸೇರಿಸಿದರೆ ಎರಡನೆಯ ಬ್ಯಾಟರಿಯಿಂದ ಸಿಕ್ಕ ರಕ್ಷಣೆ ಅಲ್ಲಿಗೇ ಮುಗಿಯಿತು. ಸೈಲೆನ್ಸರ್ ಹೊಗೆ ಉಗುಳುವ ಮಗ್ಗುಲಲ್ಲಿ ಸ್ವಿಚ್ ಕೂರಿಸಬೇಡಿ. ಎಣ್ಣೆ ಬೆರೆತ ಹೊಗೆ ಒಳಗೆ ಇಳಿದು ಸಂಪರ್ಕದ ಮೇಲೆ ಪದರ ಕಟ್ಟುತ್ತದೆ.

ಹೊಸದೋ ಹಳೆಯದೋ, ಪ್ರತಿ ಸ್ವಿಚ್ಚನ್ನೂ ವಿಮಾನಕ್ಕೆ ಹಾಕುವ ಮೊದಲು ಪರೀಕ್ಷೆಗೆ ಒಡ್ಡುತ್ತೇನೆ. ಅದಕ್ಕೆ ಬೇಕಾದ್ದು ಕಾರಿನ 12 ವೋಲ್ಟ್ 60/55 ವ್ಯಾಟ್‌ನ ಎಚ್4 ಹ್ಯಾಲೋಜನ್ ಹೆಡ್‌ಲೈಟ್ ಬಲ್ಬ್, ಆಟೊ ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತದೆ. 6.6 ವೋಲ್ಟ್‌ನಲ್ಲಿ ಅದರ ಒಂದು ಫಿಲಮೆಂಟ್ ಸುಮಾರು 3 ಆಂಪ್ ಎಳೆಯುತ್ತದೆ. ಬ್ಯಾಟರಿ, ಸ್ವಿಚ್, ರಿಸೀವರ್‌ಗೆ ಹೋಗುವ ಪ್ಲಗ್ ಎಲ್ಲ ಇದ್ದಂತೆಯೇ ಜೋಡಿಸಿ ಕೊನೆಯಲ್ಲಿ ಬಲ್ಬ್ ಹಚ್ಚಿ. ಮಲ್ಟಿಮೀಟರನ್ನು ಮಿಲಿವೋಲ್ಟ್‌ಗೆ ಇಟ್ಟು ಒಂದು ಮೊನೆ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ಬಲ್ಬಿನ ಪ್ಲಸ್‌ಗೆ ಮುಟ್ಟಿಸಿ. ಕೆಂಪು ತಂತಿಯ ದಾರಿಯಲ್ಲಿ ಕಳೆದುಹೋದದ್ದು ಎಷ್ಟೋ ಅದು ಕಾಣುತ್ತದೆ. ಮೈನಸ್ ಕಡೆಯೂ ಹಾಗೇ. 100 ಮಿಲಿವೋಲ್ಟ್ ಒಳಗಿದ್ದರೆ ಸಂತೋಷ, 150 ದಾಟಿದರೆ ತಂತಿ ಅಥವಾ ಕನೆಕ್ಟರ್ ಬದಲಿಸುತ್ತೇನೆ. ಮೀಟರ್ ನೋಡುತ್ತಲೇ ಸ್ವಿಚ್ಚಿನ ಗುಂಡಿಯನ್ನು ಬೆರಳಿನಲ್ಲಿ ಮೆಲ್ಲಗೆ ಅಲ್ಲಾಡಿಸಿ. ಅಂಕಿ ಕುಣಿದರೆ ಸ್ವಿಚ್ ಕಸದ ಬುಟ್ಟಿಗೆ. ಬಲ್ಬ್ ಹತ್ತು ಸೆಕೆಂಡಿಗಿಂತ ಹೆಚ್ಚು ಉರಿಸಬೇಡಿ, ಗಾಜು ಮುಟ್ಟಲೂ ಬೇಡಿ.

ತಂತಿ 20 ಗೇಜ್, ಜಾಗವಿದ್ದರೆ 18 ಗೇಜ್ ಸಿಲಿಕೋನ್. ಸರ್ವೋ ಬಗೆಯ ಮೂರು ಪಿನ್ನಿನ ಪ್ಲಗ್ ಒಂದೇ ಸಮ ಹೊರುವುದು 3 ಆಂಪ್ ಸುಮಾರು. ಹಾಗಾಗಿ ಬ್ಯಾಟರಿಯಿಂದ ಸ್ವಿಚ್ಚಿನವರೆಗೆ ಎಕ್ಸ್‌ಟಿ30 ಕನೆಕ್ಟರ್, ಸ್ವಿಚ್ಚಿನಿಂದ ರಿಸೀವರ್‌ಗೆ ಮಾತ್ರ ಸರ್ವೋ ಪ್ಲಗ್. ಎರಡು ಸ್ವಿಚ್ಚಿನ ಎರಡು ಪ್ಲಗ್ಗುಗಳು ರಿಸೀವರ್‌ನ ಎರಡು ಬೇರೆ ತೂತುಗಳಿಗೆ ಹೋಗುತ್ತವೆ, ಒಂದು ಬ್ಯಾಟರಿ ಪೋರ್ಟ್, ಇನ್ನೊಂದು ಖಾಲಿ ಇರುವ ಯಾವ ಚಾನೆಲ್ ಆದರೂ ಸರಿ. ಹೊರೆ ಹಂಚಿಹೋಗುತ್ತದೆ.

ಇಗ್ನಿಷನ್ ಕಡೆ ಅಷ್ಟು ಭಾರ ಇಲ್ಲ. ಮಾಡ್ಯೂಲ್ ಎಳೆಯುವುದು ಅರ್ಧದಿಂದ ಮುಕ್ಕಾಲು ಆಂಪ್, ಹತ್ತು ನಿಮಿಷಕ್ಕೆ ನೂರು ಎಂಎಎಚ್ ಸುಮಾರು. 18650 ಗಾತ್ರದ 1100 ಎಂಎಎಚ್ ಲೈಫ್ ಜೋಡಿ ಧಾರಾಳ ಸಾಕು. ಮೊದಲು ಮಾಡ್ಯೂಲ್ ಮೇಲಿನ ಚೀಟಿ ಓದಿ. 4.8ರಿಂದ 8.4 ಅಂತಿದ್ದರೆ ನೇರ ಜೋಡಿಸಿ. ಹಳೆಯ ಮಾಡ್ಯೂಲ್‌ಗಳಲ್ಲಿ 4.8-6 ಅಂತಿರುತ್ತದೆ; ಆಗ ಕೆಂಪು ತಂತಿಯಲ್ಲಿ 1ಎನ್5401 ಡಯೋಡ್ ಒಂದನ್ನು ಬೆಸುಗೆ ಹಾಕಿದರೆ 0.7 ವೋಲ್ಟ್ ಇಳಿಯುತ್ತದೆ. ಈ ಬ್ಯಾಟರಿ ಸೋತರೆ ಎಂಜಿನ್ ಥಟ್ಟನೆ ನಿಲ್ಲುವುದಿಲ್ಲ. ಸ್ಟಾರ್ಟ್ ಆಗುತ್ತದೆ, ಐಡ್ಲಿಂಗ್ ಚೆನ್ನಾಗಿರುತ್ತದೆ, ಫುಲ್ ಥ್ರಾಟಲ್‌ನಲ್ಲಿ ಮಾತ್ರ ಪಟಪಟ ಅನ್ನುತ್ತದೆ. ಜನ ಕಾರ್ಬ್ಯುರೇಟರ್ ಸೂಜಿ ತಿರುಗಿಸುತ್ತಾ ಕೂರುತ್ತಾರೆ. ಸೂಜಿ ಮುಟ್ಟುವ ಮುನ್ನ ಬ್ಯಾಟರಿ ಬದಲಿಸಿ ನೋಡುವುದು ಎರಡು ನಿಮಿಷದ ಕೆಲಸ.

ಇಲ್ಲಿ ಸ್ವಿಚ್ ಎರಡು ಬೇಕು. ಮೊದಲನೆಯದು ಕೈಯಲ್ಲಿ ಒತ್ತುವ ಮೆಕ್ಯಾನಿಕಲ್ ಸ್ವಿಚ್, ವಿಮಾನದ ಹೊರಮೈಯಲ್ಲಿ, ಪ್ರೊಪೆಲ್ಲರ್ ಹಿಂದೆ ನಿಂತವರ ಕೈಗೆ ಎಟುಕುವಂತೆ. ದೊಡ್ಡ ಮಾಡೆಲ್‌ಗಳ ಅಮೆರಿಕದ ಸಂಸ್ಥೆ ಐಎಂಎಎ ತನ್ನ ಸುರಕ್ಷಾ ನಿಯಮದಲ್ಲೂ ಹಾರಿಸುವವರು, ಸಹಾಯಕರು ಇಬ್ಬರಿಗೂ ಸಿಗುವಂತೆ ಇದನ್ನು ಇಡಬೇಕು ಅನ್ನುತ್ತದೆ. ಟ್ರಾನ್ಸ್‌ಮಿಟರ್‌ನಿಂದಲೂ ಎಂಜಿನ್ ನಿಲ್ಲಿಸುವ ದಾರಿ ಇರಲೇಬೇಕು. ಎರಡನೆಯದು ಅದಕ್ಕೇ: ಆಪ್ಟಿಕಲ್ ಕಿಲ್ ಸ್ವಿಚ್. ರಿಸೀವರ್‌ನಿಂದ ಬರುವ ಸೂಚನೆ ಅದರೊಳಗೆ ಬೆಳಕಾಗಿ ದಾಟುತ್ತದೆ, ಹಾಗಾಗಿ ಇಗ್ನಿಷನ್‌ನ ವಿದ್ಯುತ್ ಗದ್ದಲ (ರೇಡಿಯೋಗೆ ಅಡ್ಡಿಪಡಿಸುವಂಥದ್ದು) ತಂತಿ ಹಿಡಿದು ರಿಸೀವರ್‌ಗೆ ಬರಲು ದಾರಿಯಿಲ್ಲ. ಸಿಗ್ನಲ್ ಇಲ್ಲವಾದರೆ ಕಿಡಿ ಬಂದ್. ಸಿಗ್ನಲ್ ತಪ್ಪಿದರೆ ಏನು ಮಾಡಬೇಕೆಂದು ರಿಸೀವರ್‌ಗೆ ಮೊದಲೇ ಹೇಳಿಡುವ ಫೇಲ್‌ಸೇಫ್‌ನಲ್ಲೂ ಈ ಚಾನೆಲ್ ಆಫ್‌ಗೆ ಇಡುತ್ತೇನೆ. ಅರೆಕ್ಷಣದ ಸಿಗ್ನಲ್ ನಷ್ಟಕ್ಕೆ ಎಂಜಿನ್ ಯಾಕೆ ಕಳಕೊಳ್ಳಬೇಕು, ಐಡ್ಲಿಂಗ್ ಸಾಲದೇ ಅನ್ನುವವರಿದ್ದಾರೆ. ಎಂಜಿನ್ ಓಡುತ್ತಾ ಊರ ಕಡೆಗೆ ಹೋಗುವ 8 ಕೆಜಿಗಿಂತ ಎಂಜಿನ್ ಸತ್ತು ಹೊಲಕ್ಕೆ ಇಳಿಯುವುದೇ ವಾಸಿ ಅನ್ನುವುದು ನನ್ನ ಮತ. ಕಿಲ್ ಸ್ವಿಚ್ ಜೊತೆ ಬರುವ ಎಲ್‌ಇಡಿಯನ್ನು ಬಿಸಿಲಲ್ಲೂ ಕಾಣುವ ಜಾಗದಲ್ಲಿ ಕೂರಿಸಿ. ಅದು ಉರಿಯುತ್ತಿದ್ದರೆ ಪ್ರೊಪೆಲ್ಲರ್ ಮುಟ್ಟಬಾರದು.

ಇಗ್ನಿಷನ್ ಮಾಡ್ಯೂಲ್, ಅದರ ಬ್ಯಾಟರಿ, ಸ್ವಿಚ್, ತಂತಿ ಎಲ್ಲವೂ ರಿಸೀವರ್‌ನಿಂದ ಕನಿಷ್ಠ 30 ಸೆಂಮೀ ದೂರ, ಮೂಗಿನ ಭಾಗದಲ್ಲಿ. ಥ್ರಾಟಲ್‌ಗೆ ಹೋಗುವ ಕಡ್ಡಿ ಪ್ಲಾಸ್ಟಿಕ್‌ದೇ ಆಗಿರಲಿ, ಲೋಹದ್ದಾದರೆ ಅದೇ ಆಂಟೆನಾ ಆಗಿಬಿಡುತ್ತದೆ. ಬ್ಯಾಟರಿಗಳಿಗೆ ಸುತ್ತ ಫೋಮ್, ಮೇಲೆ ಎರಡು ವೆಲ್ಕ್ರೋ ಪಟ್ಟಿ. ಪ್ಯಾಕಿನಿಂದ ತಂತಿ ಹೊರಡುವ ಬುಡವನ್ನು ಪ್ಯಾಕಿಗೇ ಕಟ್ಟಿಬಿಡಿ. ಪೆಟ್ರೋಲ್ ಎಂಜಿನ್‌ನ ನಡುಕಕ್ಕೆ ತಂತಿ ತುಂಡಾಗುವುದು ಬೆಸುಗೆಯ ಪಕ್ಕದಲ್ಲೇ.

ಹಾರಿಸುವ ಮೊದಲು ರಿಸೀವರ್ ಸ್ವಿಚ್ಚುಗಳನ್ನು ಒಂದೊಂದಾಗಿ ಆನ್ ಮಾಡಿ ಸರ್ವೋ ಆಡಿಸಬೇಕು, ಎರಡನ್ನೂ ಒಟ್ಟಿಗೆ ಅಲ್ಲ. ಟ್ರಾನ್ಸ್‌ಮಿಟರ್ ಕೈಪಿಡಿ ಹೇಳುವ ದೂರದಲ್ಲಿ ರೇಂಜ್ ಟೆಸ್ಟ್ ಎರಡು ಸಲ, ಎಂಜಿನ್ ನಿಂತಿದ್ದಾಗ ಒಮ್ಮೆ, ಓಡುವಾಗ ಒಮ್ಮೆ. ವಿಮಾನವನ್ನು ಗಟ್ಟಿ ಹಿಡಿಯಲು ಒಬ್ಬರು ಬೇಕೇ ಬೇಕು. ಓಡುವಾಗ ದೂರ ಗಣನೀಯವಾಗಿ ಕುಗ್ಗಿದರೆ ಪ್ಲಗ್ ಕ್ಯಾಪ್ ಸಡಿಲವಾಗಿದೆಯೇ, ಅದರ ಜಾಲರಿ ಕವಚ ಹರಿದಿದೆಯೇ ನೋಡಿ. ಟೆಲಿಮೆಟ್ರಿ (ವಿಮಾನದ ಅಂಕಿಗಳು ಟ್ರಾನ್ಸ್‌ಮಿಟರ್‌ಗೆ ವಾಪಸ್ ಬರುವ ಸೌಲಭ್ಯ) ಇದ್ದವರು ರಿಸೀವರ್‌ನ ಕನಿಷ್ಠ ವೋಲ್ಟೇಜ್‌ಗೆ ಎಚ್ಚರಿಕೆ ಗಂಟೆ ಇಡಿ. ಲೈಫ್‌ಗೆ ನಾನು 6.0 ಇಡುತ್ತೇನೆ. ಕೊನೆಗೆ ಐಡ್ಲಿಂಗ್‌ನಲ್ಲಿ ಟ್ರಾನ್ಸ್‌ಮಿಟರ್‌ನ ಕಿಲ್ ಒತ್ತಿ ನಿಲ್ಲಿಸಿ. ಮತ್ತೆ ಸ್ಟಾರ್ಟ್ ಮಾಡಿ, ಈ ಸಲ ಇಗ್ನಿಷನ್ ಸ್ವಿಚ್ ಮುಟ್ಟದೆ ರಿಸೀವರ್‌ನ ಎರಡೂ ಸ್ವಿಚ್ ಆಫ್ ಮಾಡಿ. ಎಂಜಿನ್ ಆಗಲೂ ನಿಲ್ಲಬೇಕು. ನಿಲ್ಲದಿದ್ದರೆ ಹೊರಗಿನ ಇಗ್ನಿಷನ್ ಸ್ವಿಚ್ ಆಫ್ ಮಾಡಿ, ಕಿಲ್ ಸ್ವಿಚ್ಚಿನ ಜೋಡಣೆ ಮೊದಲಿನಿಂದ ನೋಡಿ.